ಮೂರು ವೀಳ್ಯ, ಐದು ಮಣೆ

ಈ ಕತೆಯ ಒಂದೊಂದು ಮಾತೂ ನಿಜ. ಬೇಕಾದರೆ ಉರಿಯುವ ದೀಪ ಮುಟ್ಟಿ ಹೇಳುತ್ತೇನೆ. ನಮ್ಮ ವಂಶದಲ್ಲಿ ಸುಳ್ಳು ಹೇಳಿದವರೇ ಇಲ್ಲ. ಹೇಳಲು ಹೋದ ಚಿಕ್ಕಪ್ಪನೊಬ್ಬನಿಗೆ ಬಿಕ್ಕಳಿಕೆ ಹಿಡಿದು ಮುಂದಿನ ಯುಗಾದಿಯವರೆಗೂ ಬಿಡಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡವನು ನನ್ನ ಮುತ್ತಜ್ಜನ ಮುತ್ತಜ್ಜ. ಮುಂದಿನ ಸಾಲಿನಲ್ಲೇ ಕೂತಿದ್ದ. ಆದ್ದರಿಂದ ನಡುವೆ ಬಾಯಿ ಹಾಕದೆ ಕೇಳಿ.

ಬಹಳ ಹಿಂದೆ, ಬೆಟ್ಟಗಳೆಲ್ಲ ಮುಗಿದ ಮೇಲೆ ಸಿಗುವ ಬಯಲಿನಲ್ಲಿ, ಗಗ್ಗರಪುರ ಎಂಬ ರಾಜ್ಯವಿತ್ತು. ಅದರ ರಾಜ ಎಕ್ಕಲದೇವ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಖುಷಿಯಾದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟುಬಿಡುತ್ತಿದ್ದ. ಅದೇ ತೊಂದರೆ.

ಆ ಕಾಲದಲ್ಲಿ ರಾಜ್ಯ ರಾಜ್ಯಗಳ ನಡುವೆ ಕತ್ತಿ ಎತ್ತುತ್ತಿರಲಿಲ್ಲ. ಬುಟ್ಟಿಚೆಂಡು ಆಡುತ್ತಿದ್ದರು. ಎತ್ತರದ ಕಂಬಕ್ಕೆ ತಳವಿಲ್ಲದ ಬಿದಿರ ಬುಟ್ಟಿ ಕಟ್ಟಿ, ಅದರೊಳಗೆ ಚೆಂಡು ಹಾಕುವ ಆಟ. ಅಂಗಳದಂಚಿನಲ್ಲಿ ಒಂದೊಂದು ಕಡೆಗೂ ಐದೈದು ಮಣೆ. ಮಣೆ ಹಿಡಿದವರು ಮಾತ್ರ ಆಡಬೇಕು. ಆರನೆಯ ಮಣೆ ಹಾಕಿದರೆ ನೆಲವೇ ಬಾಯಿ ತೆರೆದು ಅದನ್ನು ನುಂಗಿಬಿಡುತ್ತಿತ್ತು.

ಗಗ್ಗರಪುರದ ಎದುರಾಳಿ ತಾಮ್ರಜಂಘ ಎಂಬ ಮಾಂತ್ರಿಕ. ಮೊಣಕಾಲಿನ ಕೆಳಗೆ ತಾಮ್ರದ ಕಾಲು, ಸೊಂಟದ ಮೇಲೆ ರಾಗಿ ತುಂಬುವ ವಾಡೆಯಂಥ ಹೊಟ್ಟೆ. ಪ್ರತಿ ಸುಗ್ಗಿಗೂ ಒಂದು ಆಟ, ಗೆದ್ದವರಿಗೆ ಆ ವರ್ಷದ ಮೂಡಣ ಗಾಳಿ. ತಾಮ್ರಜಂಘ ಗೆದ್ದರೆ ಗಾಳಿಯನ್ನೆಲ್ಲ ಹೀರಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಗಾಳಿಯಿಲ್ಲದೆ ಕಣದಲ್ಲಿ ರಾಗಿ ತೂರುವುದು ಹೇಗೆ? ಕಾಳು ಹೊಟ್ಟು ಎರಡೂ ಒಂದೇ ರಾಶಿ. ಜನ ಅದನ್ನೇ ಬೀಸಿ, ಅದನ್ನೇ ಮುದ್ದೆ ಮಾಡಿ, ಅದನ್ನೇ ಕೆಮ್ಮುತ್ತ ನುಂಗಬೇಕು.

ಹಿಂದೊಮ್ಮೆ ಹಾಗೆ ಸೋತಾಗ ರಾಜ ಲೋಕವೆಲ್ಲ ಹುಡುಕಿಸಿ ಮೂವರು ಮಹಾ ಆಟಗಾರರನ್ನು ಕರೆಸಿದ. ವೀಳ್ಯದೆಲೆ ಕೊಟ್ಟು ಮಾತು ಕಟ್ಟಿದ.

ಮೊದಲನೆಯವನು ತಾಳೆಗಾಲ. ನಿಂತಲ್ಲಿಂದಲೇ ಬುಟ್ಟಿಯೊಳಗೆ ಇಣುಕುವವನು. "ರಾಜ್ಯದ ಮಂಚಗಳೆಲ್ಲ ನನಗೆ ಬೇಕು" ಎಂದ. ರಾಜ ಕೊಟ್ಟ. ಎಲ್ಲ ಮಂಚ ಜೋಡಿಸಿ ಅವನು ಮಲಗಿದ, ಊರು ನೆಲದ ಮೇಲೆ ಮಲಗಿತು.

ಎರಡನೆಯವನು ಗಾಳಿಗೊರಸ, ಮಾತಾಡುವ ಹಾರುಜಿಂಕೆ. "ರಾಜ್ಯದ ಚಪ್ಪಾಳೆಯೆಲ್ಲ ನನಗೆ ಬೇಕು, ಬೇರೆ ಯಾರಿಗೂ ಒಂದು ಚಪ್ಪಾಳೆ ಬೀಳಬಾರದು" ಎಂದ. ರಾಜ ಕೊಟ್ಟ.

ಮೂರನೆಯವಳು ನೇರಳಕ್ಕ. ಎಸೆದ ಚೆಂಡು ಎಂದೂ ತಪ್ಪದವಳು. "ನನ್ನ ತೋಳಿಗೆ ಯಾರ ತೋಳೂ ತಾಗಬಾರದು. ನನ್ನ ಎಡಗಡೆ ಬಲಗಡೆಯ ಮಣೆ ಖಾಲಿ ಇರಬೇಕು" ಎಂದಳು. ರಾಜ ಅದನ್ನೂ ಕೊಟ್ಟ.

ಮೂವರಿಂದ ಐದು ಮಣೆಯೂ ತುಂಬಿತು. ಮೂವರೇ ಐವರನ್ನು ಎದುರಿಸಿ ಗೆದ್ದರು! ಸುಳ್ಳಲ್ಲ, ಸುಗ್ಗಿಯ ಮೇಲೆ ಸುಗ್ಗಿ ಗೆದ್ದರು. ಆಗ ಗಗ್ಗರಪುರದಲ್ಲಿ ಎಷ್ಟು ಗಾಳಿಯೆಂದರೆ, ತೆಳ್ಳಗಿದ್ದವರು ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಸಂತೆಗೆ ಹೋಗುತ್ತಿದ್ದರು. ರಾಜನನ್ನು ಹೊಗಳದವರಿಲ್ಲ.

ಆದರೆ ಆ ವೀಳ್ಯದೆಲೆಯನ್ನು ರಾಜನಿಗೆ ಮಾರಿದ ಮುದುಕ ಯಾರು ಗೊತ್ತೆ? ವೇಷ ಹಾಕಿದ ತಾಮ್ರಜಂಘ. ಈ ವರ್ಷ ಸೋತರೇನು, ಮುಂದೆಲ್ಲ ತನ್ನದೇ ಎಂದು ಲೆಕ್ಕ ಹಾಕಿದ್ದ. ಅದು ಮಾಯದ ಎಲೆ. ಮೆದ್ದವರ ಬಾಯಿ ಕೆಂಪಾದರೆ ಆ ಕೆಂಪು ಮಾಸುವುದಿಲ್ಲ. ಕೆಂಪು ಇರುವ ತನಕ ಕೊಟ್ಟ ಮಾತೂ ಇರುತ್ತದೆ, ಮಣೆಯೂ ಬಿಡುವುದಿಲ್ಲ. ನೆಂಟರು ಹೊರಟಾಗ ತಾವಾಗಿ ಹೇಳುತ್ತಾರಲ್ಲ, "ಹೋಗಿ ಬರ್ತೀನಿ" ಅಂತ, ಹಾಗೆ ಮನಸಾರೆ ಹೇಳಿದರೆ ಮಾತ್ರ ಕೆಂಪು ಆರಬೇಕು. ಬಲವಂತಕ್ಕೆ ಹೇಳಿದರೆ ಆರದು. ಇನ್ನು ಬಂದ ನೆಂಟರಿಗೆ "ಯಾವಾಗ ಹೊರಡ್ತೀರಿ" ಎಂದು ಕೇಳುವ ಜಾತಿ ಗಗ್ಗರಪುರದವರದಲ್ಲ. ಕೇಳುವ ಮೊದಲು ಪ್ರಾಣ ಬಿಡುತ್ತಿದ್ದರು.

ವರ್ಷಗಳು ಉರುಳಿದವು. ತಾಳೆಗಾಲನ ಮೊಣಕಾಲು ಹಿಡಿದುಕೊಂಡಿತು. ಗಾಳಿಗೊರಸನ ನೆಗೆತ ಹೊಸ್ತಿಲಿನಷ್ಟಾಯಿತು. ನೇರಳಕ್ಕನ ಕಣ್ಣು ಮಂಜಾಯಿತು. ಒಂದು ಸುಗ್ಗಿ ಸೋತರು, ಎರಡು ಸೋತರು, ಮೂರೂ ಸೋತರು. ತಾಮ್ರಜಂಘ ಡೊಳ್ಳುಹೊಟ್ಟೆ ಬಾರಿಸುತ್ತ ಸಾರಿದ: "ಈ ಸಲವೂ ಗೆದ್ದರೆ ಮೂಡಣ ಗಾಳಿ ಎಂದೆಂದಿಗೂ ನನ್ನದೇ!"

ಕಣದಲ್ಲಿ ರಾಗಿ ತೂರುವ ಹುಡುಗಿಯೊಬ್ಬಳಿದ್ದಳು. ಹೆಸರು ಸಂಪಿ. ಗಾಳಿಯಿಲ್ಲದೆ ಕೆಲಸವಿಲ್ಲ, ನಾಲ್ವರು ಗೆಳತಿಯರನ್ನು ಕಟ್ಟಿಕೊಂಡು ಹಗಲೆಲ್ಲ ಬುಟ್ಟಿಚೆಂಡು ಆಡುವುದೇ ಕೆಲಸ. ಮೊರ ಬೀಸಿ ಬೀಸಿ ಐವರ ತೋಳೂ ಒನಕೆಯಂತಾಗಿದ್ದವು. ಸಂಪಿ ನೇರ ಅರಮನೆಗೆ ಹೋದಳು.

"ಮಹಾಸ್ವಾಮಿ, ಈ ಸಲ ನಾವು ಆಡ್ತೀವಿ."

"ನೀವು ಆಡೋದನ್ನ ಮಾಳಿಗೆಯಿಂದ ದಿನಾ ನೋಡ್ತೀನಿ ಕಣಮ್ಮ. ಚೆನ್ನಾಗಿ ಆಡ್ತೀರಿ. ಆದರೆ ಮಣೆ ಎಲ್ಲಿದೆ?"

"ಅವರನ್ನ ಎಬ್ಬಿಸಿ."

"ಕೊಟ್ಟ ವೀಳ್ಯ ಕೊಟ್ಟದ್ದೇ" ಎಂದ ರಾಜ. ಆಮೇಲೆ ದನಿ ತಗ್ಗಿಸಿ, "ಹೊರಡಿ ಅಂತ ನಾನು ಹೇಗೆ ಹೇಳಲಿ? ಅವರು ಗೆದ್ದುಕೊಟ್ಟವರಲ್ಲವೇ?" ಎಂದ.

"ನೀವು ಹೇಳಬೇಡಿ. ನಾನು ಹೋಗಿ ಸುಮ್ಮನೆ ಮಾತಾಡಿಸ್ಕೊಂಡು ಬರ್ತೀನಿ" ಎಂದಳು ಸಂಪಿ.

ಮೊದಲು ತಾಳೆಗಾಲನ ಹತ್ತಿರ ಹೋದಳು. ಅವನು ಮಂಚಗಳ ಮೇಲೆ ಹೊರಳುತ್ತಿದ್ದ. ತಲೆ ಅರಮನೆಯ ಅಂಗಳದಲ್ಲಿ, ಪಾದ ಕುಂಬಾರರ ಬೀದಿಯಲ್ಲಿ.

"ಅಣ್ಣಾ, ನಿದ್ದೆ ಬಂತಾ?"

"ಎಲ್ಲಿಂದ ಬರತ್ತಮ್ಮ! ಒಂದು ಮಂಚ ಎತ್ತರ, ಒಂದು ತಗ್ಗು. ಸಂದು ಸಂದಿಗೂ ಬೆನ್ನು ಒತ್ತತ್ತೆ. ಬಂದಾಗಿನಿಂದ ಒಂದು ಒಳ್ಳೆ ನಿದ್ದೆ ಕಂಡಿಲ್ಲ."

"ನಿಮ್ಮೂರಲ್ಲಿ?"

"ನಮ್ಮೂರಲ್ಲಿ ನಮ್ಮವ್ವ ನನಗೇ ಅಂತ ಒಂದೇ ಮರದಲ್ಲಿ ಮಂಚ ಮಾಡಿಸಿದ್ದಳು..." ತಾಳೆಗಾಲ ಆಕಾಶ ನೋಡಿದ. ಆಮೇಲೆ ಪಿಸುಗುಟ್ಟಿದ. ಅವನ ಪಿಸುಮಾತು ಮೂರು ಬೀದಿಗೆ ಕೇಳಿಸಿತು. "ಯಾರಿಗೂ ಹೇಳಬೇಡ. ನಮ್ಮೂರಲ್ಲಿ ನಾನೇ ಕುಳ್ಳ. ಎಲ್ಲ ಗೇಲಿ ಮಾಡ್ತಾರೆ."

"ನಿಮ್ಮವ್ವ ಗೇಲಿ ಮಾಡ್ತಿದ್ದರಾ?"

"ಅವಳಾ? 'ನಮ್ಮ ಕುಳ್ಳಪ್ಪ' ಅಂತ ತಲೆ ಸವರೋಳು."

"ಮತ್ತೆ ಇಲ್ಲಿ ನಿಮ್ಮ ತಲೆ ಸವರೋರು ಯಾರು? ಏಣಿ ಹಾಕಿದರೂ ನಮಗೆ ಎಟುಕಲ್ಲ."

ತಾಳೆಗಾಲ ತನ್ನ ತಲೆ ತಾನೇ ಸವರಿಕೊಂಡ. ಆಮೇಲೆ ಎದ್ದು ಕೂತ. ಮೋಡವೊಂದು ಹಣೆಗೆ ತಾಗಿ ಒಡೆಯಿತು. "ಹೋಗಿ ಬರ್ತೀನಿ ತಂಗಿ" ಎಂದ. ಬಾಯಿಯ ಕೆಂಪು ಆರಿತು. ಒಂದು ಮಣೆ ತೆರವಾಯಿತು. ಅಂದು ಊರವರೆಲ್ಲ ತಮ್ಮ ತಮ್ಮ ಮಂಚ ಹೊತ್ತು ಮನೆಗೆ ಹೋದರು.

ಮರುದಿನ ಗಾಳಿಗೊರಸನ ಹತ್ತಿರ ಹೋದಳು. ಜಿಂಕೆ ಹೊಸ್ತಿಲು ದಾಟಿತು, ಸೇವಕರು ಚಪ್ಪಾಳೆ ತಟ್ಟಿದರು. ಸೀನಿತು, ಚಪ್ಪಾಳೆ. ಹುಲ್ಲು ತಿಂದಿತು, ಚಪ್ಪಾಳೆ.

"ಜಿಂಕೆರಾಯರೇ, ಇದರಲ್ಲಿ ನಿಜವಾದ ಚಪ್ಪಾಳೆ ಯಾವುದು?"

"ಎಲ್ಲವೂ! ಮಾತಾಗಿದೆ! ನೀನು ಯಾಕೆ ತಟ್ಟಲಿಲ್ಲ?"

"ಕೈತುಂಬ ಹೊಟ್ಟು, ರಾಯರೇ. ಒಂದು ಗಳಿಗೆ ನಮ್ಮ ಕಣಕ್ಕೆ ಬನ್ನಿ, ತೊಳಕೊಂಡು ತಟ್ತೀನಿ."

ಚಪ್ಪಾಳೆಯ ಆಸೆಗೆ ಜಿಂಕೆ ಹಿಂದೆಯೇ ಹೊರಟಿತು. ಕಣದಲ್ಲಿ ಒಂದು ಕೂಸು ಅದೇ ಹೊತ್ತಿಗೆ ತಾಯಿಯ ಬೆರಳು ಬಿಟ್ಟು ಎದ್ದು ನಿಂತಿತು. ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟಿತು. ಸುತ್ತ ನೆರೆದವರ ಮುಖವೆಲ್ಲ ಅರಳಿತು, ಆದರೆ ಕೈ ಮಾತ್ರ ಕಟ್ಟಿಕೊಂಡೇ ನಿಂತರು. ಚಪ್ಪಾಳೆ ಜಿಂಕೆಯದಲ್ಲವೇ? ಕೂಸು ಒಬ್ಬೊಬ್ಬರ ಮುಖ ನೋಡಿತು. ತಾನೇನೋ ತಪ್ಪು ಮಾಡಿದೆ ಎಂದುಕೊಂಡು ಕೂತುಬಿಟ್ಟಿತು.

ಗಾಳಿಗೊರಸನ ಕಿವಿ ಜೋತುಬಿತ್ತು. "ಎಷ್ಟು ಮಕ್ಕಳು ಹೀಗೆ ಕೂತರು?" ಎಂದು ಕೇಳಿದ.

"ನೀವು ಬಂದ ಮೇಲೆ ಹುಟ್ಟಿದವೆಲ್ಲ" ಎಂದಳು ಸಂಪಿ.

ಜಿಂಕೆ ಮುಂಗಾಲೆರಡೂ ಎತ್ತಿ ಗೊರಸಿಗೆ ಗೊರಸು ತಟ್ಟಿತು. ಟಕ್! ಟಕ್! ಕೂಸು ಕಣ್ಣರಳಿಸಿ ಮತ್ತೆ ಎದ್ದಿತು. ಓಡಿಯೇಬಿಟ್ಟಿತು! "ಹೋಗಿ ಬರ್ತೀನಿ, ಅಮ್ಮಾ" ಎಂದ ಗಾಳಿಗೊರಸ. ಬಾಯಿಯ ಕೆಂಪು ಆರಿತು. ಎರಡನೆಯ ಮಣೆ ತೆರವಾಯಿತು. ಆಗ ಕಣದವರು ತಾವಾಗಿ ಅವನಿಗೆ ಚಪ್ಪಾಳೆ ತಟ್ಟಿದರು. ಆ ಸದ್ದು ಕೇಳಿ ಜಿಂಕೆಗೆ ಎಷ್ಟು ಹುರುಪು ಬಂತೆಂದರೆ, ಒಂದೇ ನೆಗೆತಕ್ಕೆ ಬೆಟ್ಟ ದಾಟಿತು.

ಮೂರನೆಯ ದಿನ ನೇರಳಕ್ಕನ ಹತ್ತಿರ ಹೋದಳು. ನೇರಳಕ್ಕ ಅಂಗಳದಲ್ಲಿ ಚೆಂಡು ಎಸೆಯುತ್ತಿದ್ದಳು. ಎಸೆದು "ಬಿತ್ತಾ?" ಎಂದು ಕೇಳುವಳು. ಸೇವಕರು "ಬಿತ್ತು ತಾಯಿ!" ಎನ್ನುವರು. ಚೆಂಡು ಬಾವಿಯಲ್ಲಿ ತೇಲುತ್ತಿತ್ತು.

ಮತ್ತೆ ಎಸೆದಳು. "ಬಿತ್ತಾ?"

"ಬೀಳಲಿಲ್ಲ ಅಕ್ಕ" ಎಂದಳು ಸಂಪಿ.

ಸೇವಕರು ಕಿವಿ ಮುಚ್ಚಿಕೊಂಡರು. ನೇರಳಕ್ಕ ನಿಧಾನಕ್ಕೆ ತಿರುಗಿದಳು. "ಯಾರೇ ಅದು, ನಾಲಿಗೆ ಉದ್ದ ಇರೋಳು?"

"ಕಣದ ಸಂಪಿ. ಚಿಕ್ಕವಳಿದ್ದಾಗ ಬೇಲಿ ಸಂದಿಯಿಂದ ನಿಮ್ಮ ಆಟ ನೋಡಿ ಎಸೆಯೋದು ಕಲಿತವಳು. ನಿಮಗೆ ಸುಳ್ಳು ಹೇಳೋಕೆ ನನಗೆ ಬಾಯಿ ಬರಲ್ಲ."

"ಎಷ್ಟು ದಿನದಿಂದ ಬೀಳ್ತಿಲ್ಲ?"

"ಮೂರು ಸುಗ್ಗಿಯಿಂದ."

ನೇರಳಕ್ಕ ಖಾಲಿ ಮಣೆಗಳ ನಡುವೆ ಕೂತಳು. ಎಡಗಡೆ ಕೈ ಚಾಚಿದಳು, ಯಾರೂ ಇಲ್ಲ. ಬಲಗಡೆ ಚಾಚಿದಳು, ಯಾರೂ ಇಲ್ಲ. "ಪಕ್ಕದಲ್ಲಿ ಒಬ್ಬರಿದ್ದಿದ್ದರೆ ಎಂದೋ ಹೇಳಿರೋರು" ಎಂದಳು. ಕಣ್ಣು ಒರೆಸಿಕೊಂಡು ಎದ್ದಳು. "ಹೋಗಿ ಬರ್ತೀನಿ ಮಗಳೇ."

ಬಾಯಿಯ ಕೆಂಪು ಆರಿತು. ಮೂರು ಮಣೆ ಒಟ್ಟಿಗೆ ತೆರವಾದವು. ನೇರಳಕ್ಕ ಊರ ಬಾಗಿಲವರೆಗೆ ಹೋದಳು, ಹೊಸ್ತಿಲು ಮುಟ್ಟಿದಳು, ತಿರುಗಿ ಬಂದಳು.

"ಇದೇನಕ್ಕ!"

"ಹೋಗಿ ಬರ್ತೀನಿ ಅಂದೆ. ಹೋದೆ. ಬಂದೆ. ನನಗೆ ಮಣೆ ಬೇಡ, ನೆಲ ಸಾಕು. ಕಣ್ಣು ಹೋದರೇನು, ಕಿವಿ ಇದೆ. ಆ ತಾಮ್ರಗಾಲಿನವನು ಹೇಗೆ ಗೆಲ್ತಾನೆ ಗೊತ್ತಾ? ನಮ್ಮ ಗೆಲ್ಲೋ ಚೆಂಡು ಬುಟ್ಟಿ ಹತ್ತಿರ ಹೋದ ಕೂಡಲೇ ಊದಿಬಿಡ್ತಾನೆ. ಆದರೆ ಊದೋಕೆ ಮುಂಚೆ ಒಮ್ಮೆ ಸುಯ್ ಅಂತ ಉಸಿರು ಎಳಕೊಳ್ತಾನೆ. ಅದು ನನಗೆ ಕೇಳ್ತದೆ."

ಸಂಪಿಯ ಕಣ್ಣು ಮಿನುಗಿತು.

ಆಟದ ದಿನ ಬಂತು. ಹೊರಟುಹೋದ ತಾಳೆಗಾಲ ಅವ್ವನನ್ನೂ ಕರೆದುಕೊಂಡು ಬಂದಿದ್ದ. ಇಬ್ಬರೂ ಬೆಟ್ಟದ ಆಚೆಯೇ ನಿಂತು ನೋಡುತ್ತಿದ್ದರು. ಗಾಳಿಗೊರಸ ಕೂಸನ್ನು ಬೆನ್ನ ಮೇಲೆ ಕೂರಿಸಿಕೊಂಡಿದ್ದ. ತಾಮ್ರಜಂಘನ ಕಡೆ ಐವರು ರಾಕ್ಷಸರು, ಎಲ್ಲರ ಬಾಯಿಯೂ ಕೆಂಪು.

"ಏನಯ್ಯಾ ಎಕ್ಕಲದೇವ, ಆಟಗಾರರು ಸಿಗಲಿಲ್ಲ ಅಂತ ಹೊಟ್ಟು ಗುಡಿಸೋರನ್ನ ತಂದೆಯಾ?" ಎಂದು ತಾಮ್ರಜಂಘ ನಕ್ಕ.

"ಗುಡಿಸೋಕೇ ಬಂದಿದ್ದೀವಿ ಮಾವ, ಸ್ವಲ್ಪ ಕಾಲು ಎತ್ತಿ" ಎಂದಳು ಸಂಪಿ.

ಆಟ ಶುರುವಾಯಿತು. ರಾಕ್ಷಸರು ಒಂದು ಹಾಕಿದರೆ ಹುಡುಗಿಯರು ಒಂದು ಹಾಕಿದರು. ಚೆಂಡು ಮೊರದಿಂದ ಮೊರಕ್ಕೆ ಕಾಳು ಹಾರಿದಂತೆ ಕೈಯಿಂದ ಕೈಗೆ ಹಾರಿತು. ಕಡೆಗೆ ಸಮ ಸಮ. ಇನ್ನು ಯಾರ ಚೆಂಡು ಬಿದ್ದರೆ ಅವರದೇ ಗಾಳಿ.

ಸಂಪಿ ಬುಟ್ಟಿಯ ಕೆಳಗೆ ಚೆಂಡು ಎತ್ತಿದಳು. ಅಂಗಳದಂಚಿನಲ್ಲಿ, ಬುಟ್ಟಿಯ ಪಕ್ಕದಲ್ಲೇ ನಿಂತಿದ್ದ ತಾಮ್ರಜಂಘ ಮುಂದೆ ಬಾಗಿದ.

"ಸುಯ್ ಅಂತು! ಈಗ!" ಎಂದು ಕೂಗಿದಳು ನೇರಳಕ್ಕ.

ಸಂಪಿ ಎಡಗೈಯಿಂದ ಮಡಿಲು ಬಿಚ್ಚಿದಳು. ಕೈಯಿಂದ ಆರಿಸಿಟ್ಟ ಮೂರು ಸುಗ್ಗಿಯ ರಾಗಿ ಹೊಟ್ಟು! ಅವನ ಮುಖಕ್ಕೆ ತೂರಿದಳು. ಎಳೆದ ಉಸಿರಿನೊಂದಿಗೆ ಅದಿಷ್ಟೂ ಮೂಗಿನೊಳಗೆ ಹೋಯಿತು. ಆಟದಲ್ಲಿ ಊದಬಾರದೆಂಬ ನಿಯಮವಿಲ್ಲ ಎಂದು ಹಿಂದೆ ವಾದಿಸಿದವನು ತಾಮ್ರಜಂಘನೇ; ತೂರಬಾರದೆಂಬ ನಿಯಮವೂ ಇರಲಿಲ್ಲ.

"ಆ... ಆ... ಆಕ್ಷೀ!"

ಎಂಥ ಸೀನು! ಮೂರು ವರ್ಷದ ಮೂಡಣ ಗಾಳಿ ಒಂದೇ ಸಲ ಹೊರಬಿತ್ತು. ಛತ್ರಿ ಹಾರಿತು, ಪೇಟ ಹಾರಿತು, ಆಸ್ಥಾನದ ಹೊಗಳುಭಟ ಹಾರಿದ. ಸಂಪಿ ಮಾತ್ರ ಕಣದಲ್ಲಿ ನಿಂತಂತೆ ಕಾಲೂರಿ ನಿಂತಳು. ಎಂಥ ಗಾಳಿಯಲ್ಲೂ ಹಾರುವುದು ಹೊಟ್ಟು, ಕಾಳು ಕಾಲ ಬುಡಕ್ಕೇ ಬೀಳುತ್ತದೆ. ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆದಳು.

"ಬಿತ್ತಾ?" ಎಂದಳು ನೇರಳಕ್ಕ.

"ಬಿತ್ತು ಅಕ್ಕಾ!"

ಗಾಳಿ ಹಾಗೆಯೇ ರಾಜ್ಯದ ಕಣ ಕಣಕ್ಕೂ ನುಗ್ಗಿ ಮೂರು ವರ್ಷದ ರಾಶಿಯನ್ನು ಒಂದೇ ಗಳಿಗೆಯಲ್ಲಿ ತೂರಿಕೊಟ್ಟಿತು. ನನ್ನ ಮುತ್ತಜ್ಜನ ಮುತ್ತಜ್ಜನ ಮೀಸೆಗೆ ಹೊಟ್ಟು ಮೆತ್ತಿಕೊಂಡಿತು. ಅಂದಿನಿಂದ ನಮ್ಮ ಮನೆತನದ ಗಂಡಸರಿಗೆಲ್ಲ ಮೀಸೆ ಕೆರೆಯುತ್ತದೆ. ರಾಕ್ಷಸರು ಐವರೂ ಒಬ್ಬರ ಮುಖ ಒಬ್ಬರು ನೋಡಿ, "ನಾವೂ ಹೋಗಿ ಬರ್ತೀವಪ್ಪ" ಎಂದು ತಮ್ಮ ತಮ್ಮ ಗುಹೆಗೆ ಹೊರಟರು. ಹೊಟ್ಟೆ ಬರಿದಾದ ತಾಮ್ರಜಂಘ ಎಲೆಯಂತೆ ಹಾರಿ ಬೆಟ್ಟದ ತುದಿಗೆ ಸಿಕ್ಕಿಕೊಂಡ. ಇಂದಿಗೂ ಅಲ್ಲೇ ಒಂಟಿ ತಾಮ್ರದ ಕಾಲ ಮೇಲೆ ತಿರುಗುತ್ತ, ಗಾಳಿ ಎತ್ತ ಬೀಸುತ್ತದೆಂದು ದಾರಿಹೋಕರಿಗೆ ತೋರಿಸುತ್ತಿದ್ದಾನೆ.

ರಾಜನ ಖುಷಿಗೆ ಮೇರೆಯಿಲ್ಲ. ಓಡಿ ಬಂದ, ತಟ್ಟೆಯಲ್ಲಿ ವೀಳ್ಯ ಹಿಡಿದ. "ಸಂಪೀ! ಐದು ಮಣೆಯೂ ಎಂದೆಂದಿಗೂ ನಿಮ್ಮದೇ! ಗಾಳಿಯಲ್ಲಿ ಅರ್ಧ ನಿನ್ನದು! ಮಂಚ ತಗೋ, ಚಪ್ಪಾಳೆ ತಗೋ, ಅರಮನೆ—"

ಸಂಪಿ ತಟ್ಟೆ ನೋಡಿದಳು. ಗೆಳತಿಯರನ್ನು ನೋಡಿದಳು. ಬೇಲಿಯ ಸಂದಿಯಲ್ಲಿ ಪುಟ್ಟ ಪುಟ್ಟ ಕಣ್ಣುಗಳು ಮಿನುಗುತ್ತಿದ್ದವು, ಅವನ್ನೂ ನೋಡಿದಳು. ಒಂದೇ ಒಂದು ಎಲೆ ತೆಗೆದುಕೊಂಡಳು. ನಮ್ಮ ತೋಟದ ಸಾದಾ ಎಲೆ, ಬಾಯಿ ಮುಕ್ಕಳಿಸಿದರೆ ಕೆಂಪು ಹೋಗುವಂಥದ್ದು.

"ಒಂದು ಸುಗ್ಗಿಗೆ ಒಂದು ವೀಳ್ಯ ಸಾಕು, ಮಹಾಸ್ವಾಮಿ. ಮುಂದಿನ ಸುಗ್ಗಿಗೂ ನನ್ನ ತೋಳು ಗಟ್ಟಿಯಿದ್ದರೆ ಮತ್ತೆ ಕರೀರಿ. ಇಲ್ಲದಿದ್ದರೆ ನೇರಳಕ್ಕನ ಪಕ್ಕ ನೆಲದ ಮೇಲೆ ಕೂತು ಕೂಗ್ತೀನಿ."

ಅದೇ ಗಗ್ಗರಪುರದ ಕಟ್ಟಳೆಯಾಯಿತು. ಆಮೇಲೆ ಅವರು ಗೆದ್ದರು, ನಡುನಡುವೆ ಸೋತರು, ಮತ್ತೆ ಗೆದ್ದರು. ಮಣೆಗೆ ಮಾತ್ರ ಎಂದೂ ಬರವಾಗಲಿಲ್ಲ. ಅವರ ಕಣದಲ್ಲಿ ಕಾಳು, ನಮ್ಮ ಬಾಯಲ್ಲಿ ಕತೆ, ಎಲ್ಲರೂ ಸುಖ.

ಎಲ್ಲವೂ ನಿಜ ಅಂದೆನಲ್ಲ, ನಿಜವೇ. ಒಂದೇ ಒಂದು ಚೂರು ನಾನು ಸೇರಿಸಿದ್ದು. ನನ್ನ ಮುತ್ತಜ್ಜನ ಮುತ್ತಜ್ಜ ಕೂತದ್ದು ಮುಂದಿನ ಸಾಲಿನಲ್ಲಲ್ಲ, ಕಟ್ಟಕಡೆಯ ಸಾಲಿನಲ್ಲಿ. ಅದೂ ಕಂಬದ ಹಿಂದೆ.