ಹುಮನಾಬಾದಿನ ಗೋಡೆಯ ಮೇಲೆ ನಾಗನಾಥನ ಅವ್ವ

"ಏ ಕಾಜಲ್, ನಾಗನಾಥ ತನ್ನ ಅವ್ವನ ಪೋಸ್ಟರ್ ತಾನೇ ಹರ್ದು ಒಗ್ಯಾಕತ್ತಾನ!"

ಫೋನಿನ ಆ ಕಡೆ ಗೆಳತಿ ಖುಷ್ನುಮಾ ಏದುಸಿರು ಬಿಡುತ್ತಿದ್ದಳು. ಈ ಕಡೆ, ಬಸವಕಲ್ಯಾಣದ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತಿದ್ದ ಕಾಜಲ್ ಬಾಯಿಗಿಡಲು ಹೊರಟ ಸಮೋಸಾ ಅರ್ಧದಲ್ಲೇ ನಿಂತಿತು.

"ಏನ್ ಹೇಳಾಕತ್ತಿ? ಎಲ್ಲಿ?"

"ಹುಮನಾಬಾದ್ ಬಸ್‌ಸ್ಟ್ಯಾಂಡಿನ್ಯಾಗ! ನಾ ಮನ್ನಾಏಖೇಳ್ಳಿ ಬಸ್ಸಿಗಿ ನಿಂತೀನಿ. ಅಲ್ಲಾ ಕಸಮ್, ಕಣ್ಣಾರೆ ನೋಡೀನಿ! ಉಗುರಿಲಿಂದ ಕೆರದು ಕೆರದು ಕೀಳಾಕತ್ತಾನ. ಕಳ್ಳನಂಗ ಅತ್ತಾಗ ಇತ್ತಾಗ ನೋಡ್ಕೋತ!"

"ಬ್ಯಾರೆ ಯಾರರ ಇರಬೇಕು ನೋಡು..."

"ಆ ಹಸರ ಚೌಕಡಿ ಅಂಗಿ ನಂಗ ಗೊತ್ತಿಲ್ಲೇನು? ಕ್ಲಾಸಿನ್ಯಾಗ ನೀ ಬೋರ್ಡ್ ಬಿಟ್ಟು ಅದನ್ನೇ ನೋಡ್ಕೋತ ಕೂಡ್ತಿ!"

"ಚುಪ್!"

"ಇನ್ನೂ ಕೇಳ್. ಅವರವ್ವ ಎದುರಿನ ಅಂಗಡ್ಯಾಗ ನಕ್ಕೋತ ಬಳಿ ಇಡಿಸ್ಕೊಳ್ಳಾಕತ್ತಾರ. ಪೋಸ್ಟರಿನ್ಯಾಗಿನ ಮಾರೀನೇ! ಕ್ಯಾನ್ಸರ್ ಇದ್ದವರು ಹಿಂಗಿರ್ತಾರೇನ್ ಯಾರ್?"

ಖುಷ್ನುಮಾಳ ಬಸ್ಸು ಬಂತು, ಫೋನು ಕಟ್ ಆಯಿತು. ಸಮೋಸಾ ಕಾಗೆಯ ಪಾಲಾಯಿತು.

ನಾಗನಾಥನ ಅವ್ವನ ಚಿಕಿತ್ಸೆಗೆ ಚಂದಾ ಎತ್ತಲು ಮುಂದಾಳು ಕಾಜಲ್‌ಳೇ. "ಅವ್ವಗ ಕ್ಯಾನ್ಸರ್ ಅಂತ" ಎಂದು ನಾಗನಾಥ ಒಂದು ದಿನ ನೆಲ ನೋಡುತ್ತಾ ಹೇಳಿದಾಗ ಇಡೀ ಕ್ಲಾಸಿನಲ್ಲಿ ಮೊದಲು ಎದ್ದು ನಿಂತವಳು ಇವಳು. ಅವನ ನಂಬರು ಹಾಕಿದ ಪೋಸ್ಟರ್ ಹಿಡಿದು ಅಂಗಡಿ ಅಂಗಡಿ ಹತ್ತಿ ಇಳಿದವಳು ಇವಳು. ಬಟ್ಟೆ ಅಂಗಡಿಯ ಸೇಠ್‌ಜಿ, "ಆ ಹುಡುಗ ಯಾರೋ ನಂಗ ಗೊತ್ತಿಲ್ಲವ್ವಾ. ನಿನ್ನ ಮಾರಿ ನೋಡಿ ಕೊಡಾಕತ್ತೇನಿ" ಎಂದಿದ್ದರು.

ನನ್ನ ಮಾರಿ ನೋಡಿ...! ಆ ಮಾತು ಈಗ ಎದೆಯೊಳಗೆ ಮುಳ್ಳಿನಂತೆ ಆಡತೊಡಗಿತು.

ಒಂದೊಂದೇ ನೆನಪಾಯಿತು. "ಫೋಟೋ ಮಾತ್ರ ಬ್ಯಾಡ" ಎಂದಿದ್ದ ನಾಗನಾಥ. ಯಾಕೆ ಎಂದರೆ ಬಾಯಿ ಬಿಟ್ಟಿರಲಿಲ್ಲ. ಫೋಟೋ ಇಲ್ಲದೆ ಯಾರು ನಂಬುತ್ತಾರೆ ಎಂದು ಕಾಜಲ್‌ಳೇ ಅವನ ಸ್ಟೇಟಸ್‌ನಿಂದ ಅವ್ವನ ಚಿತ್ರ ತೆಗೆದು, ಅವನಿಗೆ ತಿಳಿಸದೆ ಭಾನುವಾರ ಹುಮನಾಬಾದಿಗೆ ಹೋಗಿ ಅಂಟಿಸಿ ಬಂದಿದ್ದಳು. "ಅವ್ವನ್ನ ನೋಡಾಕ ಬರ್ತೀವಿ" ಎಂದಾಗಲೂ ಅವನು, "ಈಗ ಬ್ಯಾಡ, ಆಮ್ಯಾಲ" ಎಂದು ಜಾರಿಕೊಂಡಿದ್ದ. ಅವ್ವನ ಫೋನು ಬಂದರೆ ಸಾಕು, ಎದ್ದು ದೂರ ಹೋಗಿ ಮಾತಾಡುತ್ತಿದ್ದ.

ಅಯ್ಯೋ ದೇವರೇ... ಎಲ್ಲಾ ಸುಳ್ಳಾ? ಇಂಥವನನ್ನಾ ನಾನು ಇಷ್ಟಪಟ್ಟದ್ದು?

ಅವನಿಗೆ ಫೋನು ಹಚ್ಚಿದಳು. ರಿಂಗಾಯಿತು... ಕಟ್ ಮಾಡಿದ. ಮತ್ತೆ ಹಚ್ಚಿದಳು. ಮತ್ತೆ ಕಟ್!

ಕಾಜಲ್ ಚೀಲ ಹೆಗಲಿಗೇರಿಸಿ ನೇರ ಹುಮನಾಬಾದ್ ಬಸ್ಸು ಹತ್ತಿದಳು.

ಬಳೆ ಅಂಗಡಿಯವಳು ಮನೆ ತೋರಿಸಿದಳು. ಕಾಜಲ್ ಜೋರಾಗಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದವರು ಪೋಸ್ಟರಿನ ಅದೇ ಮುಖ! ತಲೆ ತುಂಬ ಸೆರಗು, ಕೈ ತುಂಬ ಹೊಸ ಹಸಿರು ಬಳೆ.

"ಯಾರವ್ವಾ ಪೋರಿ?"

"ನಾ ಕಾಜಲ್ ರೀ. ನಾಗನಾಥನ ಕ್ಲಾಸಿನಾಕಿ, ಕಲ್ಯಾಣದಿಂದ ಬಂದೀನಿ."

"ನೀನೇ ಏನು ಆ ಕಾಜಲ್!" ನಾಗನಾಥನ ಅವ್ವ ಕೇಶರಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ ಕಣ್ಣು ಮಿಟುಕಿಸಿದರು. "ಬಾ ಒಳಗ. ಅವ ಇಲ್ಲೇ ಹಾಲು ತರಾಕ ಹೋಗ್ಯಾನ. ಮನ್ಯಾಗ ದಿನಾ ನಿನ್ನ ಹೆಸರೇ ಜಪ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಕಾಜಲ್ ಹಾರಾಡುತ್ತಿದ್ದಳು. ಇವತ್ತು ಮಾತ್ರ ಅವಳು ಪೊಲೀಸರಂತೆ ಕುಳಿತು ಪೊಲೀಸರಂತೆ ಕೇಳಿದಳು.

"ಕಾಕು, ನಿಮ್ಮ ತಬ್ಯೇತ್ ಹ್ಯಾಂಗದ?"

"ನಂಗೇನಾಗ್ಯದ? ಹೊಟ್ಟ್ಯಾಗ ಸಣ್ಣ ಗಂಟಾಗ್ಯದಂತ. ಔಷಧಕ್ಕ ಕರಗಾಕತ್ತದ ಅಂದಾರ ಡಾಕ್ಟರು. ಮುಂದಿನ ತಿಂಗಳಿಗಿ ಪೂರಾ ಆರಾಮ!"

ಸಣ್ಣ ಗಂಟು! ಸಣ್ಣ ಗಂಟನ್ನು ಕ್ಯಾನ್ಸರ್ ಮಾಡಿ ಊರನ್ನೆಲ್ಲ ಮೋಸ ಮಾಡಿದನಾ? ಈ ಪಾಪದ ತಾಯಿಗೆ ಅದರ ಸುದ್ದಿಯೇ ಇಲ್ಲ! ಹೇಳಿಬಿಡಬೇಕು... ಈಗಲೇ!

ಮೊಬೈಲ್ ತೆಗೆದು ಪೋಸ್ಟರಿನ ಚಿತ್ರ ತೆರೆದಳು. ದಪ್ಪ ಕೆಂಪು ಅಕ್ಷರ, ನಡುವೆ ಅವರದೇ ನಗು.

"ಕಾಕು, ಒಂದು ತೋರಸ್ತೀನಿ, ನೋಡ್ರಿ..."

"ಏನದ? ನಂಗ ಓದಾಕ ಬರ್ತದ, ಆದ್ರ ಚಸ್ಮಾ ಬೇಕು ನೋಡು." ಕೇಶರಬಾಯಿ ಕಪಾಟಿನ ಮೇಲಿನ ಚಸ್ಮಾಕ್ಕೆ ಕೈ ಚಾಚಿದರು.

ಸೆರಗು ಜಾರಿತು.

ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ.

ಗಂಟು... ಔಷಧ... ಫೋಟೋ ಬ್ಯಾಡ... ಹರಿದ ಪೋಸ್ಟರು... ಎಲ್ಲ ಒಂದೇ ಸಲ ಅರ್ಥವಾಯಿತು! ಇವರಿಗೆ ಹೇಳಿಲ್ಲ. ಮನೆಯಲ್ಲಿ ಯಾರೂ ಹೇಳಿಲ್ಲ. ಅದನ್ನು ಊರ ಗೋಡೆಯ ಮೇಲೆ ಬರೆದು ಬಂದವಳು ತಾನು!

"ಅಯ್ಯ, ಗರಮಿ ಔಷಧಕ್ಕ ಕೂದಲಾ ಎಲ್ಲಾ ಉದರ್ಯಾವ. ನಗಬ್ಯಾಡ ಮತ್ತ!" ಕೇಶರಬಾಯಿ ಸೆರಗು ಎಳೆದುಕೊಂಡು ಚಸ್ಮಾ ಏರಿಸಿದರು. "ಹಾಂ, ತೋರಸು."

ಕಾಜಲ್ ಫೋನಿನ ಬೆಳಕು ಆರಿಸಿ ಎದೆಗೊತ್ತಿಕೊಂಡಳು.

"ಅದು... ಚಾರ್ಜ್ ಇಲ್ಲ ರೀ ಕಾಕು. ಬಂದ್ ಬಿತ್ತು."

ತಲೆಯೆತ್ತಿದರೆ ಬಾಗಿಲಲ್ಲಿ ನಾಗನಾಥ. ಕೈಯಲ್ಲಿ ಹಾಲಿನ ಪಾಕೀಟು, ಉಗುರು ಸಂದಿಯಲ್ಲಿ ಒಣಗಿದ ಗೋಂದು. ಎಲ್ಲವನ್ನೂ ಕಂಡಿದ್ದ.

"ಅವ್ವಾ, ಚಾ ಇಡು. ನಾ ಈಕಿ ಜೋಡಿ ಜರಾ ಮಾತಾಡಿ ಬರ್ತೀನಿ."

ಇಬ್ಬರೂ ಹೊರಗೆ ಬೇವಿನ ಮರದ ಕೆಳಗೆ ಬಂದು ನಿಂತರು.

"ನನ್ನ ಕಳ್ಳ ಅಂತ ತಿಳಕೊಂಡು ಬಂದಿದ್ದಿ, ಹೌದಲ್ಲ?"

ಕಾಜಲ್ ತಲೆಯಾಡಿಸಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಫೋನ್ ಯಾಕ ಕಟ್ ಮಾಡಿದಿ ಮತ್ತ?"

"ಅವ್ವ ಬಾಜೂಕ ಇದ್ಲು. ಬಳಿ ಬೇಕು ಅಂದ್ಲು, ಕರ್ಕೊಂಡು ಹೋದ್ನಿ. ನೋಡ್ತೀನಿ, ಗ್ವಾಡಿ ತುಂಬ ಅವಳ ಮಾರಿ! ಅವ್ವನ್ನ ಅಂಗಡ್ಯಾಗ ಕೂಡಿಸಿ ಓಡೋಡಿ ಹರದೀನಿ, ಕಾಜಲ್. ಜೀವಾ ಕೈಯಾಗ ಬಂದಿತ್ತು." ಅವನು ಉಗುರಿನ ಗೋಂದು ಕೆರೆದ. "ಗೊತ್ತಾದ್ರ ಧೈರ್ಯ ಬಿಡ್ತಾಳ ಅಂತ ಅಪ್ಪ ಯಾರೂ ಬಾಯಿ ಬಿಡಬ್ಯಾಡ್ರಿ ಅಂದಾನ. ನಮ್ಮ ಮನ್ಯಾಗ ಆ ಶಬ್ದಾನೇ ಯಾರೂ ಅನ್ನಂಗಿಲ್ಲ."

"ನಂಗರ ಹೇಳಬೇಕಿಲ್ಲೇನೋ ಹುಚ್ಚಾ!" ಕಾಜಲ್ ಅಳುತ್ತಲೇ ಬೈದಳು. "ಬರೇ ಫೋಟೋ ಬ್ಯಾಡ ಅಂದ್ರ ನಂಗ ಹ್ಯಾಂಗ ತಿಳೀತದ? ಇವತ್ತ ನಾನೇ... ನನ್ನ ಕೈಲೇ ಅವರಿಗಿ ತೋರಸ್ತಿದ್ನಿ!"

"ತೋರಸಲಿಲ್ಲಲ್ಲ."

"ಯಾಕ ಹೇಳಲಿಲ್ಲ ಅಂತ ಕೇಳಾಕತ್ತೇನಿ!"

ನಾಗನಾಥ ಬೇವಿನ ಬುಡ ನೋಡಿದ. "ಇಡೀ ಕ್ಲಾಸಿನ ಮುಂದ ನೆಲಾ ನೋಡಿ ಹ್ಯಾಂಗೋ ಹೇಳೀನಿ. ನಿನ್ನ ಒಬ್ಬಾಕಿ ಮುಂದ ಬಾಯಿ ತೆರದ್ರ ಅಳು ಬರ್ತಿತ್ತು. ಇಷ್ಟಪಟ್ಟಾಕಿ ಮುಂದ ಅಳಾಕ... ನಾಚಿಕಿ ಆಗ್ತದ."

ಕಾಜಲ್‌ಳ ಅಳು ಅಲ್ಲೇ ನಿಂತಿತು. "ಏನಂದಿ?"

"ನಾಚಿಕಿ ಅಂದ್ನಿ."

"ಅದರ ಹಿಂದಿಂದು!"

"ಒಮ್ಮೆ ಹೇಳೀನಿ, ಸಾಕು." ಕಣ್ಣೊರೆಸಿಕೊಂಡು ನಕ್ಕ. ಅವನ ಗೋಂದು ಮೆತ್ತಿದ ಬೆರಳುಗಳನ್ನು ಕಾಜಲ್ ಹಿಡಿದಳು. ಬಿಡಲಿಲ್ಲ.

"ಉಳದ ಪೋಸ್ಟರ್ ಎಲ್ಲೆಲ್ಲಿ ಅವ ನಂಗ ಗೊತ್ತು. ಈಗೇ ಹೋಗಿ ಕೀಳೂಣು. ಇನ್ನ ಫೋಟೋ ಇಲ್ಲ, ಗ್ವಾಡಿ ಇಲ್ಲ. ಮಂದಿ ಮನಿಗಿ ನಾನೇ ಹೋಗಿ ಬಾಯಿಲೇ ಕೇಳ್ತೀನಿ."

ಒಳಗಿಂದ ಕೂಗು ಬಂತು. "ಚಾ ಆರಾಕತ್ತದ!"

ನಾಗನಾಥ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಕೇಶರಬಾಯಿ ಕಪ್ಪು ಕೊಡುತ್ತಾ ಕಾಜಲ್‌ಳ ಪಕ್ಕಕ್ಕೆ ಸರಿದರು.

"ನಾಳಿ ಕಲಬುರ್ಗಿ ದವಾಖಾನಿಗಿ ಹೋಗೋದದ. ನೀನೂ ಬರ್ತಿಯೇನ್ ಮಗಳೇ?"

"ನಾನಾ ರೀ?"

"ಸಲೈನ್ ಹಚ್ಚಿದಾಗ ನಾಗ್ಯಾ ನನ್ನ ಮುಂದ ಭಾಳ ನಗ್ತಾನ. ಆಮ್ಯಾಲ ಹೊರಗ ಹೋಗಿ ಒಬ್ಬನೇ ಅಳ್ತಾನ. ಮಾರಿ ತೊಳ್ಕೊಂಡು ಬರ್ತಾನ. ಅವನ ಬಾಜೂಕ ಯಾರರ ಕೂಡಬೇಕವ್ವಾ."

"ಕಾಕು... ನಿಮಗ ಎಲ್ಲಾ..."

"ಏನೂ ಕೇಳಬ್ಯಾಡ, ಅವಗೂ ಹೇಳಬ್ಯಾಡ. ನಾ ನಂಬೀನಿ ಅಂತ ತಿಳಕೊಂಡ್ರ ಅವಗ ನಿದ್ದಿ ಬರ್ತದ."

ಕಾಜಲ್ ಚಹಾದ ಜೊತೆ ದುಃಖವನ್ನೂ ನುಂಗಿದಳು. ಆ ಹಸಿರು ಬಳೆಯ ಕೈಯನ್ನು ಒಮ್ಮೆ ಒತ್ತಿದಳು. ಇಷ್ಟು ಹೊತ್ತು ಅನುಮಾನಪಟ್ಟವಳ ಕೈಗೆ ಈಗ ಒಂದು ಗುಟ್ಟು ಬಂದಿತ್ತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೊನೆಯ ಕಾಗದವನ್ನೂ ಕಿತ್ತ ಮೇಲೆ ಕಲ್ಯಾಣದ ಬಸ್ಸು ಬಂತು. ಕಾಜಲ್ ಕಿಟಕಿಯಿಂದ ತಲೆ ಹೊರಹಾಕಿದಳು.

"ನಾಳಿ ಮುಂಜಾನೆ ಎಂಟಕ್ಕ ಇಲ್ಲೇ ಬರ್ತೀನಿ. ಕಾಕು ಕರದಾರ."

"ಖರೇ? ಏನಂದ್ಲು ಅವ್ವ?"

"ಅದು ನಮ್ಮಿಬ್ಬರ ಮಾತು." ಕಾಜಲ್ ನಕ್ಕಳು. "ಮೂರು ಮಂದಿ ಸೀಟ್ ಹಿಡಿ."

"ಕಿಟಕಿ ಬಾಜೂ ಅವ್ವಂದು, ಈಗೇ ಹೇಳ್ತೀನಿ!"

"ಇರಲಿ. ನಡುವಿಂದು ನಂದು."

ಬಸ್ಸು ಹೊರಟಿತು. ನಾಗನಾಥ ಅದರ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದ.

"ಕಾಜಲ್! ಎಂಟಕ್ಕ ಅಂದಿ, ಹೌದಲ್ಲ?"

"ಎಂಟಕ್ಕ!"