ಚೈನಾ ಎಂದು ಕರೆದವನು

"ಅಲ್ಲೇ ನಿಂತ್ಕೋ! ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ಈ ಸಮುದ್ರಕ್ಕೆ ನೂಕಿಬಿಡ್ತೀನಿ!"

ಐರ್ಲೆಂಡಿನ ಡನ್ ಲಿಯರಿಯಲ್ಲಿ, ಸಮುದ್ರದೊಳಕ್ಕೆ ಚಾಚಿದ ಪಿಯರ್ ಕಟ್ಟೆಯ ಮೇಲೆ ವಾಕಿಂಗ್ ಹೊರಟಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಅವರಿಗೆ ಕನ್ನಡ ಅರ್ಥವಾಗಲಿಲ್ಲ. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಬೈಗುಳವೇ ಅಲ್ಲವೇ! ಅಜ್ಜಿಯೊಬ್ಬಳು ತನ್ನ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಶಶಾಂಕ್ ನಿಂತಲ್ಲೇ ನಿಂತ. ಮುಖಕ್ಕೆ ಮಾಸ್ಕ್, ಕೈಯಲ್ಲಿ ತಾನೇ ಕರಿದಿದ್ದ ಕೋಡುಬಳೆಯ ಡಬ್ಬಿ.

"ಭಾನು... ಮೊದಲನೇ ಸಲ ಮುಖ ನೋಡ್ತಿದ್ದೀವಿ. ಒಂದು ಹಾಯ್ ಅಂತಾದ್ರೂ..."

"ನಿನ್ನ ಹಾಯ್‌ಗಿಷ್ಟು ಬೆಂಕಿ ಹಾಕ!"

ಹೌದು, ಅದು ಅವರ ಮೊದಲ ಭೇಟಿ! ಎರಡು ತಿಂಗಳಿಂದ ಬರೀ ಫೋನಿನಲ್ಲೇ ಮಾತು. ಅವನಿರುವ ಬ್ಲಾಕ್‌ರಾಕ್‌ಗೂ ಇವಳ ಮನೆಗೂ ನಾಲ್ಕೇ ಕಿಲೋಮೀಟರ್. ಆದರೆ ಲಾಕ್‌ಡೌನ್ ಬಿಡಬೇಕಲ್ಲ? ಮೇ ತಿಂಗಳಲ್ಲಿ, ಹೊರಗೆ ಎರಡು ಮೀಟರ್ ದೂರ ನಿಂತು ಭೇಟಿಯಾಗಬಹುದು ಎಂದು ಸರ್ಕಾರ ಹೇಳಿದ್ದೇ ತಡ, ಇಬ್ಬರೂ ಈ ಶನಿವಾರವನ್ನು ಗೊತ್ತುಮಾಡಿಕೊಂಡಿದ್ದರು.

ಇಡೀ ವಾರ ಭಾನುಮತಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಇಂದು ಬೆಳಿಗ್ಗೆ ಅವನ ಮೆಸೇಜ್ ಬರುವವರೆಗೆ...

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದೇ ಸಾಲಿನ ಕನ್ನಡ. *ಚೈನಾ, ಹನ್ನೊಂದಕ್ಕೆ ಪಿಯರ್ ಹತ್ರ ಬಾ. ಕಾಯ್ತಿರ್ತೀನಿ.*

ಚೈನಾ! ಆ ಒಂದು ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇರುತ್ತದೆಯೇ ಹೇಳಿ? ಬೆಂಗಳೂರಿನ ಗಾರ್ಮೆಂಟ್ ಕಂಪನಿಯೊಂದು ಬಟ್ಟೆ ಆಯ್ದು ಕೊಳ್ಳಲು ಅವಳನ್ನು ಚೀನಾದ ಹಾಂಗ್‌ಝೌಗೆ ಕಳಿಸಿತ್ತು. ನಾಲ್ಕು ವರ್ಷ ಅಲ್ಲಿದ್ದಳು. ಬೆಳಕು ಹರಿಯುವ ಮೊದಲೇ ತೆರೆಯುವ ಸಗಟು ಮಾರುಕಟ್ಟೆಗಳಲ್ಲಿ ಸುತ್ತಿದಳು. ರೇಷ್ಮೆಯನ್ನು ಎರಡೇ ಬೆರಳಲ್ಲಿ ಉಜ್ಜಿ ಅಸಲಿಯೋ ನಕಲಿಯೋ ಹೇಳುವುದನ್ನು ಕಲಿತಳು. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿದಳು. ಗುಯಿಝೌನ ಬೆಟ್ಟದ ಹಳ್ಳಿಯೊಂದರಲ್ಲಿ, ನೀಲಿ ಬಟ್ಟೆಯನ್ನು ಮರದ ಕೊಡತಿಯಿಂದ ಹೊಡೆದು ಹೊಡೆದು ಹೊಳಪು ಬರಿಸುವ ಅಜ್ಜಿಯೊಬ್ಬಳು ದಾರ ಹಿಡಿದು ಅವಳ ಅಳತೆ ತೆಗೆದು ಜಾಕೆಟ್ ಹೊಲಿದುಕೊಟ್ಟಿದ್ದಳು. ಭಾನುಮತಿ ಆ ಅಜ್ಜಿಗೆ ತನ್ನ ಸೀರೆ ಉಡಿಸಿದ್ದಳು. ಗುಂಡಿಯೇ ಇಲ್ಲದೆ ಇದು ನಿಲ್ಲುವುದು ಹೇಗೆಂದು ಅಜ್ಜಿ ನೆರಿಗೆಯನ್ನು ಎಳೆದೆಳೆದು ನೋಡಿ ಬಿದ್ದುಬಿದ್ದು ನಕ್ಕಿದ್ದಳು.

ಇದನ್ನೆಲ್ಲ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದಳು. ಆಮೇಲೆ ಹೊಸ ಕೆಲಸಕ್ಕೆ ಐರ್ಲೆಂಡಿಗೆ ಬಂದಾಗ ಇಲ್ಲಿನ ಕನ್ನಡದವರೆಲ್ಲ ಫೋಟೋ ನೋಡಿ ವಾಹ್ ವಾಹ್ ಅಂದರು.

ವೈರಸ್ ಬಂದದ್ದೇ ಬಂದದ್ದು, ಎಲ್ಲರ ನಾಲಿಗೆ ತಿರುಗಿತು. ಟ್ರೇನಿನಲ್ಲಿ ಅವಳ ಜಾಕೆಟ್ ನೋಡಿ ಯಾರೋ ಪುಂಡರು 'ಕೊರೋನಾ' ಎಂದು ಕೂಗಿದರು. ಅದನ್ನಾದರೂ ನುಂಗಿಕೊಂಡಳು. ನಮ್ಮವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಿರಿಯರಾದ ವೆಂಕಟೇಶಮೂರ್ತಿ ಬರೆದದ್ದನ್ನು ಮಾತ್ರ ನುಂಗಲಾಗಲಿಲ್ಲ. *ಯುಗಾದಿ ಊಟಕ್ಕೆ ಚೈನಾ ಹುಡುಗಿ ಬರೋದು ಬೇಡ. ಎಲ್ಲರ ಆರೋಗ್ಯದ ದೃಷ್ಟಿಯಿಂದ.*

ಎಪ್ಪತ್ತು ಜನರಿದ್ದ ಗ್ರೂಪು. ಒಬ್ಬರೂ ತುಟಿಪಿಟಕ್ ಅನ್ನಲಿಲ್ಲ!

ಒಬ್ಬ ಮಾತ್ರ ಬರೆದ. *ಅಂಕಲ್, ಇವರು ಇಲ್ಲಿಗೆ ಬಂದಿದ್ದು ಅಕ್ಟೋಬರ್‌ನಲ್ಲಿ, ವೈರಸ್ ಶುರುವಾಗೋಕೂ ಮುಂಚೆ. ಸ್ವಲ್ಪ ಕ್ಯಾಲೆಂಡರ್ ನೋಡಿ.*

ಅವನೇ ಶಶಾಂಕ್, ಮೈಸೂರಿನ ಸಾಫ್ಟ್‌ವೇರ್ ಹುಡುಗ. ಮಾರನೇ ದಿನ ಅವನೇ ಫೋನ್ ಮಾಡಿದ. ಅವಳ ಚೀನಾದ ಕಥೆಗಳನ್ನು ಒಂದೂ ಬಿಡದೆ ಕೇಳಿದ. ಫೋಟೋಗಳನ್ನೆಲ್ಲ ಅಡಗಿಸಿಟ್ಟು ಕುಳಿತಿದ್ದ ಹುಡುಗಿಗೆ ಮಾತಾಡಲು ಒಂದು ಜೀವ ಸಿಕ್ಕಿತ್ತು.

ಈಗ ಅವನೂ ಹಾಗೇ ಕರೆದರೆ... ಈ ಊರಲ್ಲಿ ಅವಳಿಗೆ ಇನ್ನು ಯಾರಿದ್ದಾರೆ?

"ಹೇಳು! ನನ್ನನ್ನ ಆ ಹೆಸರಲ್ಲಿ ಕರೆಯೋಕೆ ಎಷ್ಟು ಧೈರ್ಯ ನಿಂಗೆ?"

ಶಶಾಂಕನ ಕಿವಿ ಕೆಂಪಾಯಿತು. ಅವನು ತಲೆ ತಗ್ಗಿಸಿದ.

"ತಪ್ಪಾಯ್ತು ಭಾನು. ಕೇಳದೆ ಕರೀಬಾರದಿತ್ತು. ಆದ್ರೆ... ಮನಸ್ಸಲ್ಲಿ ದಿನಾ ಹಾಗೇ ಕರೀತಿದ್ದೆ."

"ದಿನಾನಾ?!"

"ಹೂಂ. ಒಂದು ತಿಂಗಳಿಂದ. ನಮ್ಮಮ್ಮಂಗೂ ಗೊತ್ತು."

"ಅಮ್ಮನ ಹತ್ರಾನೂ ಹೇಳಿದ್ಯಾ?!" ಅವಳ ದನಿ ಕೀರಲಾಯಿತು. "ಅವರೇನಂದ್ರು?"

"ಖುಷಿಪಟ್ರು."

ಖುಷಿಪಟ್ಟರಂತೆ! *ಅಯ್ಯೋ ದೇವರೇ, ಮನೆಮಂದಿಯೆಲ್ಲ ಸೇರಿ ನನ್ನನ್ನು ಆಡಿಕೊಂಡಿದ್ದಾರೆ! ಇವನನ್ನು ನಂಬಿ ಎಂಥ ಹುಚ್ಚಿಯಾದೆ ನಾನು!*

"ಥೂ! ನಿನಗೂ ಆ ಮೂರ್ತಿ ಅಂಕಲ್‌ಗೂ ಏನೋ ವ್ಯತ್ಯಾಸ?"

ಶಶಾಂಕ್ ತಟ್ಟನೆ ತಲೆಯೆತ್ತಿದ. ಈಗ ಅವನ ಕಣ್ಣಲ್ಲೂ ಬೆಂಕಿ!

"ಏನಂದೆ? ಮೂರ್ತಿ ಅಂಕಲ್ ನಿನ್ನನ್ನ ಹಾಗೆ ಕರೀತಾರಾ? ಆ ವಯಸ್ಸಲ್ಲಿ? ನಾಚಿಕೆ ಆಗಲ್ವಾ ಅವರಿಗೆ?"

"ಗ್ರೂಪಲ್ಲಿ ಎಲ್ಲರ ಮುಂದೇನೇ ಕರೆದ್ರಲ್ಲ, ಚೈನಾ ಹುಡುಗಿ ಅಂತ! ಮರೆತುಹೋಯ್ತಾ?"

"ಅದು ಸರಿ... ಆದ್ರೆ ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಅವಳು ಮೆಸೇಜ್ ತೆಗೆದು ಫೋನನ್ನು ಅವನ ಕಡೆ ಚಾಚಿ ಹಿಡಿದಳು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದ. ಅವನ ಮುಖ ಬಿಳಚಿಕೊಂಡಿತು.

"ಅಯ್ಯೋ... ಅಯ್ಯಯ್ಯೋ! ನಾನು ಬರೆದಿದ್ದು ಇದಲ್ಲ ಕಣೇ!"

"ಮತ್ತೆ ಬೇರೆ ಯಾರು, ನಿನ್ನ ಭೂತ ಬರೀತಾ?"

"ಚಿನ್ನ ಅಂತ ಬರೆದೆ ಭಾನು! ಚಿನ್ನ! ಎರಡು ಎನ್ ಹಾಕಿದ್ದೆ. ಈ ದರಿದ್ರ ಫೋನು ಅದನ್ನ ಇಂಗ್ಲಿಷ್ ಅಂದ್ಕೊಂಡು ತಿದ್ದಿಬಿಟ್ಟಿದೆ!"

"ಸಾಕು ಮುಚ್ಚೋ! ಕಾಗೆ ಹಾರಿಸಬೇಡ!"

ಅವನು ಮರುಮಾತಾಡದೆ ತನ್ನ ಫೋನನ್ನು ಒರೆಸಿ ಕಲ್ಲಿನ ಗೋಡೆಯ ಮೇಲಿಟ್ಟು ಹಿಂದೆ ಸರಿದ. "ನೀನೇ ಟೈಪ್ ಮಾಡಿ ನೋಡು. ನಾಚಿಕೆಗೆ ನಾನು ಕಣ್ಣುಮುಚ್ಚಿ ಕಳಿಸಿ, ದಿಂಬಿನಡಿ ಫೋನ್ ತೂರಿಸಿ ಕೂತಿದ್ದೆ."

ಭಾನುಮತಿ ಒಂದೊಂದೇ ಅಕ್ಷರ ಒತ್ತಿದಳು. ಎರಡು ಎನ್ ಹಾಕಿದಳು. ಸ್ಪೇಸ್ ಒತ್ತಿದ ಕೂಡಲೇ ಅವಳ ಕಣ್ಣೆದುರೇ ಒಂದು ಎನ್ ಮಾಯವಾಗಿ, ದೊಡ್ಡ ಅಕ್ಷರದಲ್ಲಿ 'ಚೈನಾ' ಬಂದು ಕುಳಿತಿತು.

ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ!

ಅವಳಿಗೆ ನಗು ಬರಬೇಕಿತ್ತು. ಬಂದದ್ದು ಅಳು. ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

"ಏಯ್... ಗೊತ್ತಾಯ್ತಲ್ಲ, ಈಗ್ಯಾಕೆ ಅಳು?"

"ನಿನ್ನ ಮೇಲಲ್ಲ ಕಣೋ, ನನ್ನ ಮೇಲೇ ಸಿಟ್ಟು! ನಾಲ್ಕು ವರ್ಷ ಅನ್ನ ಹಾಕಿದ ಊರು ಅದು. ಆ ಅಜ್ಜಿ ಭಾಷೆನೂ ಬರದ ನನ್ನನ್ನ ಮಗಳ ಥರ ಕೂರಿಸ್ಕೊಂಡು ಊಟ ಹಾಕಿದ್ಲು. ಯಾರೋ ಬೈದ್ರು ಅಂತ ನಾನೂ ಆ ಹೆಸರನ್ನ ಬೈಗುಳ ಅಂದ್ಕೊಂಡ್ನಲ್ಲ! ಫೋಟೋ ಎಲ್ಲ ಬಚ್ಚಿಟ್ಟೆ, ಕಳ್ಳಿ ಥರ!"

ಹತ್ತಿರ ಹೋಗಿ ಕಣ್ಣೊರೆಸುವಂತಿಲ್ಲ, ಬಿಟ್ಟು ನಿಲ್ಲಲೂ ಆಗುತ್ತಿಲ್ಲ. ಶಶಾಂಕ್ ಡಬ್ಬಿಯನ್ನು ಹಿಡಿದು ಒದ್ದಾಡಿದ.

ಅವಳು ಮೂಗೊರೆಸಿಕೊಂಡು ತನ್ನ ಫೋನ್ ಎತ್ತಿದಳು. ಇನ್‌ಸ್ಟಾಗ್ರಾಮ್‌ನಲ್ಲಿ ಬಚ್ಚಿಟ್ಟಿದ್ದ ಫೋಟೋಗಳನ್ನೆಲ್ಲ ಒಂದೊಂದಾಗಿ ಹೊರಗೆ ಬಿಟ್ಟಳು. ಆಮೇಲೆ ಗ್ರೂಪಿಗೆ ಹೋಗಿ, ಈ ಸಲ ಕನ್ನಡ ಅಕ್ಷರದಲ್ಲೇ ಬರೆದಳು. *ಮೂರ್ತಿ ಅಂಕಲ್, ನಾನು ನಾಲ್ಕು ವರ್ಷ ಚೀನಾದಲ್ಲಿ ಸುಖವಾಗಿದ್ದೆ. ನನ್ನ ಹೆಸರು ಭಾನುಮತಿ. ಹಾಗೇ ಕರೆಯಿರಿ.*

ಕಳಿಸಿದ ಮೇಲೆ ಉಸಿರು ಹಗುರಾಯಿತು.

"ಬೆಳಿಗ್ಗೆ ನಾನೇನೋ ಹೇಳ್ಬೇಕು ಅಂತ ಎದ್ದಿದ್ದೆ," ಅಂದಳು, ಅವನ ಕಡೆ ನೋಡದೆ. "ನಿನ್ನ ಮೆಸೇಜ್ ಬಂದು ಎಲ್ಲ ಕೆಡಿಸಿತು."

"ಏನು?"

"ನೀನಂದ್ರೆ ನನಗೆ ಪ್ರಾಣ ಅಂತ. ಎರಡು ತಿಂಗಳಿಂದ ನೀನು ಫೋನ್ ಮಾಡೋ ಹೊತ್ತಿಗೋಸ್ಕರಾನೇ ಬದುಕಿದ್ದೀನಿ ಅಂತ. ಸಾಕಾ?"

ಶಶಾಂಕನ ಕಣ್ಣು ತುಂಬಿಬಂತು. ಮಾಸ್ಕಿನ ಹಿಂದಿನ ಅವನ ನಗು ಕಣ್ಣಿನ ತನಕ ಕಾಣಿಸಿತು.

"ನನಗೂ ಅಷ್ಟೇ ಭಾನು. ಈಗ ಬಾಯಲ್ಲೇ ಕರೀಲಾ?"

"ಕರಿ."

"ಚಿನ್ನ..."

ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವನು ಅಷ್ಟೇ ದೂರದಲ್ಲಿ, ಅಲ್ಲೇ ನಿಂತಿದ್ದ. ಅವಳ ಹುಬ್ಬು ಮತ್ತೆ ಗಂಟಿಕ್ಕಿತು.

"ಅಯ್ಯೋ, ಮತ್ತೆ ಕೋಪಾನಾ? ಈಗ ಯಾರ ಮೇಲೆ?"

"ಈ ಹಾಳು ಎರಡು ಮೀಟರ್ ಮೇಲೆ ಕಣೋ!"