ಸೆರಗಿನ ತುದಿಯ ಒಂದು ಕೂದಲು

ಆ ಜಡೆಯನ್ನು ವರದಾ ಮೊದಲ ಸಲ ಕಂಡದ್ದು ಒಂದು ಭಾನುವಾರ ಬೆಳಿಗ್ಗೆ, ಜೋಗದ ಕಾಲೋನಿಯ ಸೊಸೈಟಿ ಅಂಗಡಿಯ ಮುಂದೆ.

ಸೊಂಟದ ಕೆಳಗಿನವರೆಗೆ ಇಳಿದ ಜಡೆ. ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, ಒಂದು ಕೂದಲೂ ಆಚೀಚೆ ಸರಿಯದ ಹಾಗೆ ಹೆಣೆದ ಜಡೆ! ಅದರ ಒಡತಿ ಬೆಳಗಿನ ವಾಕಿಂಗ್ ಮುಗಿಸಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀಮೆಎಣ್ಣೆಯ ಸಾಲನ್ನು ದಾಟಿ ಚುರುಕಾಗಿ ನಡೆದುಹೋದಳು.

ವರದಾಳ ತಲೆಯಲ್ಲಿ ಆಗ ನಾಲ್ಕು ದಿನದ ಸಿಕ್ಕು. ಕಂಕುಳಲ್ಲಿ ಎರಡು ವರ್ಷದ ಕೂಸು. ಸೀರೆಯ ಮೇಲೆ ಕೂಸು ಉಗಿದ ರಾಗಿ ಅಂಬಲಿಯ ಕಲೆ.

ಅದೂ ಹೋಗಲಿ. ಪಕ್ಕದಲ್ಲಿ ಡಬ್ಬ ಹಿಡಿದು ನಿಂತಿದ್ದ ಅವಳ ಗಂಡ ಹೂವಪ್ಪ ಆ ಜಡೆಯನ್ನೇ ನೋಡುತ್ತಿದ್ದ! ಪವರ್ ಹೌಸಿಗೆ ಹೊಸ ಯಂತ್ರ ಬಂದಾಗ ಫಿಟ್ಟರುಗಳು ನೋಡುವ ಹಾಗೆ, ಮೇಲಿನಿಂದ ಕೆಳಗೆ, ಕಣ್ಣು ಮಿಟುಕಿಸದೆ.

"ರೀ... ಸಾಲು ಮುಂದೆ ಹೋಯ್ತು."

"ಹಾಂ? ಹೌದಾ?" ಎಂದು ಅವನು ಬೆಚ್ಚಿದ.

ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಹಾಗೆ ಬೆಚ್ಚಿದ್ದನ್ನು ವರದಾ ಕಂಡಿರಲಿಲ್ಲ.

ಆ ಹೆಂಗಸು ಯಾರೆಂದು ಪಕ್ಕದ ಮನೆಯ ಹುಲಿಗೆಮ್ಮನಿಂದ ಅಂದೇ ಗೊತ್ತಾಯಿತು.

"ಮೂಕಾಂಬಿಕಾ ಅಂತ, ವರದಕ್ಕ. ಮಹಿಳಾ ಸಮಾಜದ ಹೊಲಿಗೆ ಕ್ಲಾಸಿಗೆ ಹೊಸ ಟೀಚರ್ರು. ಮದುವೆ ಆಗಿಲ್ಲ. ತಾಯಿ ಜೊತೆಗಿದ್ದಾಳಂತೆ, ಹೊರಗೆ ಬರಲ್ಲ, ಯಾರೂ ಮುಖ ಕಂಡಿಲ್ಲ. ಇವಳು ಮಾತ್ರ ದಿನಾ ವಾಕಿಂಗು, ದಿನಾ ತಲೆಗೆ ಎಣ್ಣೆ! ಗಂಡ ಮಕ್ಕಳು ಇಲ್ದಿದ್ರೆ ನಾವೂ ಹಾಗೇ ಇರ್ತಿದ್ವಪ್ಪ."

ಹೌದು, ನಾನೂ ಹಾಗೇ ಇದ್ದೆ... ಎಂದುಕೊಂಡಳು ವರದಾ.

ಅವಳು ನಿಟ್ಟೂರಿನ ಹುಡುಗಿ. ವರ್ಷಕ್ಕೊಮ್ಮೆ ಹರಕೆ ಹೊತ್ತು ಕೊಡಚಾದ್ರಿ ಹತ್ತುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ದಾರಿಯಲ್ಲಿ, ಏದುಸಿರು ಬಿಡುತ್ತ ನಡುವೆ ನಿಂತಿದ್ದ ಕೋಣಂದೂರಿನ ಒಬ್ಬ ಯುವಕನಿಗೆ ಅವಳು ಗದರಿದ್ದಳು: "ದಾರಿ ಬಿಡ್ರಿ! ದೇವಿ ಕಾಯ್ತಾಳೆ, ಬಿಸಿಲು ಕಾಯಲ್ಲ." ಆ ಯುವಕನೇ ಹೂವಪ್ಪ. "ನಿನ್ನ ಮುಖ ನೋಡಿದ್ದು ಹೆಣ್ಣು ನೋಡ್ಲಿಕ್ಕೆ ಬಂದಾಗ. ಜಡೆ ನೋಡಿದ್ದು ಕೊಡಚಾದ್ರಿ ದಾರೀಲಿ" ಎಂದು ಮದುವೆಯಾದ ಹೊಸತರಲ್ಲಿ ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಈಗ ಹೇಳುವುದಿಲ್ಲ. ಹೇಳಲು ಜಡೆಯಾದರೂ ಎಲ್ಲಿದೆ?

ನಾಲ್ಕೂವರೆಗೆ ಏಳಬೇಕು. ಹಂಡೆಗೆ ಬೆಂಕಿ, ರೊಟ್ಟಿ, ಐದೂವರೆಗೆ ಹೂವಪ್ಪನ ಬುತ್ತಿ. ಆಮೇಲೆ ಮಕ್ಕಳು. ದೊಡ್ಡವಳು ತುಂಗಾ, ಎರಡನೆಯವಳು ಶರಾವತಿ. ಮನೆ ತುಂಬ ಹೊಳೆಗಳ ಹೆಸರು, ಆದರೆ ನಲ್ಲಿಯ ನೀರು ಬರುವುದು ಮಾತ್ರ ಬೆಳಿಗ್ಗೆ ಒಂದೇ ಗಂಟೆ ಹೊತ್ತು! ಅಷ್ಟರಲ್ಲಿ ನೀರು ಹಿಡಿಯಬೇಕು, ಇಬ್ಬರ ತಲೆಗೆ ನಾಲ್ಕು ಜಡೆ ಹೆಣೆದು ರಿಬ್ಬನ್ ಕಟ್ಟಬೇಕು. ಅಳುವ ಕೂಸು ಕಾಲಿಗೆ ತೊಡರಿಕೊಂಡಿರುತ್ತದೆ. ಹೆಂಗಸರಿಗೆ ಶುಕ್ರವಾರದ ಎಣ್ಣೆಸ್ನಾನ ಮುತ್ತೈದೆತನದ ಭಾಗ್ಯವೆಂದು ಅವಳ ತಾಯಿ ಹೇಳುತ್ತಿದ್ದಳು. ವರದಾಳ ಪಾಲಿಗೆ ಆ ಭಾಗ್ಯ ಎರಡು ಚೆಂಬು ನೀರಿಗೆ ಇಳಿದು ವರ್ಷಗಳಾಗಿದ್ದವು.

ಕಳೆದ ತಿಂಗಳು ಸೊಂಟನೋವು ತಡೆಯಲಾರದೆ ಗಂಡನ ಜೊತೆ ಕಾಲೋನಿಯ ಡಾಕ್ಟರ ಹತ್ತಿರ ಹೋಗಿದ್ದಳು.

"ದಿನಾ ಅರ್ಧ ಗಂಟೆ ಕೈ ಬೀಸಿ ನಡೀಬೇಕಮ್ಮ. ನಿನಗೇ ಅಂತ ಸ್ವಲ್ಪ ಹೊತ್ತು ಇಟ್ಕೋಬೇಕು."

ವರದಾ ನಕ್ಕಿದ್ದಳು. "ಡಾಕ್ಟ್ರೇ, ಅಡುಗೆಮನೆಯಿಂದ ಬಚ್ಚಲಿಗೆ ಓಡಾಡಿದ್ದನ್ನೆಲ್ಲ ಸೇರಿಸಿದ್ರೆ ವಾರಕ್ಕೊಂದು ಸಲ ಸಾಗರ ಮುಟ್ಟಿ ವಾಪಸ್ ಬರ್ತೀನಿ. ಇನ್ನೂ ನಡೀಲಾ?"

ಡಾಕ್ಟರೂ ನಕ್ಕರು. ಹೂವಪ್ಪ ಮಾತ್ರ ನಗಲಿಲ್ಲ. ಅದು ಆಗ ಅವಳ ಗಮನಕ್ಕೆ ಬರಲಿಲ್ಲ.

ಸೊಸೈಟಿಯ ಆ ಭಾನುವಾರದ ನಂತರ ಹೂವಪ್ಪ ಬದಲಾದ.

ಮೂರು ದಿನಕ್ಕೊಮ್ಮೆ ಗಡ್ಡ ಹೆರೆಯುತ್ತಿದ್ದವನು ದಿನವೂ ಹೆರೆಯತೊಡಗಿದ. ಜಗಲಿಯಲ್ಲಿ ಕೂತು ಬ್ಲೇಡಿನಿಂದ ಹತ್ತೂ ಬೆರಳಿನ ಉಗುರು ತೆಗೆದುಕೊಂಡ. ಫಿಟ್ಟರನ ಕೈಯ ಗ್ರೀಸು ಹೋಗಲು ನಿಂಬೆಹೋಳು ತಿಕ್ಕಿದ!

"ಎಂತ, ಮದುವೆ ದಿಬ್ಬಣವಾ?" ವರದಾ ನಗೆಯಲ್ಲಿ ಕೇಳಿದಳು. ನಗೆಯೊಳಗೆ ಮುಳ್ಳಿತ್ತು.

"ಕೈ ನುಣುಪಾಗಿರ್ಲಿ ಅಂತ, ಮಾರಾಯ್ತಿ."

ಫಿಟ್ಟರನಿಗೆ ನುಣುಪು ಕೈ ಏಕೆ? ಯಾರಿಗಾಗಿ?

ಆ ಹದಿನೈದು ದಿನ ಅವನಿಗೆ ಬೆಳಗಿನ ಪಾಳಿ. ಎರಡು ಗಂಟೆಗೆ ಬಿಡುಗಡೆ. ಎರಡೂವರೆಗೆ ಮನೆಗೆ ಬರುತ್ತಿದ್ದವನು ಈಗ ನಾಲ್ಕೂವರೆಗೆ ಬರುತ್ತಿದ್ದ. ಕೇಳಿದರೆ "ಓವರ್ ಟೈಮು" ಎನ್ನುತ್ತಿದ್ದ.

"ಓವರ್ ಟೈಮಾ?" ಹುಲಿಗೆಮ್ಮ ಮೊರದಿಂದ ತಲೆಯೆತ್ತಿದಳು. "ನಮ್ಮ ಯಜಮಾನ್ರು ಕೆರಿಯಪ್ಪನವರೂ ಅದೇ ಪಾಳಿ. ಉಂಡು ಒಂದು ನಿದ್ದೆ ಮುಗಿಸಿರ್ತಾರೆ! ಹೇಳಬಾರ್ದು ವರದಕ್ಕ... ನಿಮ್ಮವರು ಆ ಹೊಲಿಗೆ ಟೀಚರ್ ಮನೆ ಬಾಗಿಲಲ್ಲಿ ಚಪ್ಪಲಿ ಬಿಡೋದನ್ನ ಇವರು ಎರಡು ಸಲ ಕಂಡಿದ್ದಾರೆ."

ವರದಾ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬುಧವಾರ ಮುಸ್ಸಂಜೆ. ಕರೆಂಟು ಹೋಗಿತ್ತು. ಚಿಮಣಿ ದೀಪದ ಮಂದ ಬೆಳಕಿನಲ್ಲಿ ಗಂಡನ ಅಂಗಿಯನ್ನು ಗೂಟಕ್ಕೆ ಹಾಕುವಾಗ ಬೆರಳಿಗೆ ಏನೋ ಸುತ್ತಿಕೊಂಡಿತು. ಎಳೆದಳು. ಬಂತು... ಇನ್ನೂ ಬಂತು... ಮೊಳದುದ್ದದ ಕೂದಲು! ಅಂಗಿಯ ಜೇಬಿನಲ್ಲಿ ಒಂದು ಕಪ್ಪು ರಿಬ್ಬನ್. ತೋಳಿನಲ್ಲಿ ಕೊಬ್ಬರಿಎಣ್ಣೆಯ ವಾಸನೆ.

ತಾಯೀ ಮೂಕಾಂಬಿಕೆ, ನಿನ್ನ ಹೆಸರಿಟ್ಟುಕೊಂಡವಳೇ ನನ್ನ ಮನೆ ಮುರಿಯಬೇಕೆ?

ಅವಳು ಅಳಲಿಲ್ಲ. ಆ ಕೂದಲನ್ನು ಬೆರಳಿಗೆ ಸುತ್ತಿ, ಸೆರಗಿನ ತುದಿಯಲ್ಲಿಟ್ಟು, ಬಿಗಿಯಾಗಿ ಗಂಟು ಹಾಕಿದಳು. ಹಿರಿಯರ ಮುಂದೆ ಬಿಚ್ಚಿ ತೋರಿಸಲು ಸಾಕ್ಷಿ ಬೇಕಲ್ಲ!

ಕನ್ನಡಿಯ ಮುಂದೆ ಹೋಗಿ ನಿಂತಳು. ಎಷ್ಟು ದಿನವಾಗಿತ್ತು ಹಾಗೆ ನಿಂತು! ಮೂವತ್ತರ ಮುಖಕ್ಕೆ ನಲವತ್ತರ ದಣಿವು. ಅವರ ತಪ್ಪೇ? ಈ ತಲೆಯನ್ನು ನೋಡಬೇಕೆಂದು ಯಾರಿಗೆ ಅನಿಸೀತು?... ಈ ಯೋಚನೆ ಗಂಡನ ಮೇಲಿನ ಸಿಟ್ಟಿಗಿಂತ ಹೆಚ್ಚು ಸುಟ್ಟಿತು.

ಮಾರನೆಯ ದಿನ ಮೂರು ಗಂಟೆಗೆ ಕೂಸನ್ನು ಹುಲಿಗೆಮ್ಮನ ಮಡಿಲಿಗೆ ಹಾಕಿ ಹೊರಟಳು.

"ತಡೀರಿ ವರದಕ್ಕ, ನಾನೂ ಬರ್ತೀನಿ!"

"ಬೇಡ. ನನ್ನ ಗಂಡ. ನಾನೇ ಹೋಗ್ತೀನಿ."

ಹೊಲಿಗೆ ಟೀಚರ ಮನೆ ಕಾಲೋನಿಯ ಕೊನೆಯ ಸಾಲಿನಲ್ಲಿತ್ತು. ಮೆಟ್ಟಿಲ ಬಳಿ ಹೂವಪ್ಪನ ಚಪ್ಪಲಿ. ಉಂಗುಷ್ಠ ಕಿತ್ತಾಗ ವರದಾಳೇ ದಾರದಲ್ಲಿ ಹೊಲಿದುಕೊಟ್ಟ ಚಪ್ಪಲಿ!

ಒಳಗಿನಿಂದ ಹೆಣ್ಣುನಗೆ ಕೇಳಿಸಿತು.

"ಅಯ್ಯೋ, ಹಾಗಲ್ಲ! ಬಿಗಿ ಆಯ್ತು. ನೋವಾಗಲ್ವಾ? ಮೆತ್ತಗೆ ಹಿಡೀರಿ..."

"ಈಗ?" ಎಂಬುದು ಹೂವಪ್ಪನ ದನಿ.

"ಹಾಂ... ಈಗ ಸರಿ."

ಬಾಗಿಲು ಓರೆಯಾಗಿತ್ತು. ವರದಾ ಅದನ್ನು ದೂಡಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಕೆಳಗೆ ಬಿತ್ತು.

"ನಡೀಲಿ! ಚೆನ್ನಾಗಿ ನಡೀಲಿ! ಮನೇಲಿ ಮೂರು ಮಕ್ಕಳಿದ್ದಾರೆ ಅನ್ನೋದೂ ಮರೆತುಹೋಯ್ತಾ?"

ಮೂಕಾಂಬಿಕಾ ಗೋಡೆಗೆ ಒರಗಿ, ಬಾಚಣಿಗೆ ಹಿಡಿದು ನಿಂತಿದ್ದಳು. ದೂರದಲ್ಲಿ. ಹೂವಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ಮುಂದೆ, ಮಣೆಯ ಮೇಲೆ, ಎಪ್ಪತ್ತರ ಮುದುಕಿಯೊಬ್ಬಳು ಬೆನ್ನು ಮಾಡಿ ಕೂತಿದ್ದಳು. ಬೆಳ್ಳಗಿನ ಉದ್ದ ಕೂದಲು ಮೂರು ಎಳೆಯಾಗಿ ಅವನ ಬೆರಳುಗಳಲ್ಲಿತ್ತು.

"ಯಾರಪ್ಪಾ ಅದು?" ಎಂದಳು ಮುದುಕಿ.

"ನ... ನನ್ನ ಮನೆಯವಳು, ಅಮ್ಮ."

"ಹೌದಾ? ಕೂರು ಬಾ ಮಗಳೇ. ಬಲಗೈ ಬಲಗಾಲು ಎರಡೂ ಬಿದ್ದುಹೋಗಿದೆ, ಏಳೋಕಾಗಲ್ಲ."

ವರದಾಳ ಕೈ ಸೆರಗಿನ ಗಂಟಿನ ಮೇಲಿತ್ತು. ಅದನ್ನು ಬಿಚ್ಚಿದಳು. ಕಿಟಕಿಯ ಬಿಸಿಲಿನಲ್ಲಿ ಕೂದಲು ಹೊಳೆಯಿತು.

ಬಿಳಿಯ ಕೂದಲು! ಬೆಳ್ಳಿ ತಂತಿಯ ಹಾಗೆ.

ಚಿಮಣಿ ದೀಪದಲ್ಲಿ ಕಣ್ಣು ಕಂಡಿದ್ದೇನು, ಮನಸ್ಸು ಕಂಡಿದ್ದೇನು!

"ಅದು ನಂದೇ ಇರ್ಬೇಕು" ಎಂದು ಮುದುಕಿ ಬೊಚ್ಚುಬಾಯಲ್ಲಿ ನಕ್ಕಳು. "ಈ ವಯಸ್ಸಲ್ಲಿ ನನ್ನಿಂದ ಒಂದು ಸಂಸಾರದಲ್ಲಿ ಜಗಳ ಆಗೋದಾದ್ರೆ ಅದೂ ಒಂದು ಸೌಭಾಗ್ಯವೇ!"

ಮೂಕಾಂಬಿಕಾ ಬಾಯಿಗೆ ಸೆರಗು ಒತ್ತಿಕೊಂಡಳು. ವರದಾ ಅಲ್ಲಿಯೇ ನೆಲದ ಮೇಲೆ ಕೂತಳು.

ಆಕೆ ಯಮುನಮ್ಮ. ಕೋಣಂದೂರಿನಲ್ಲಿ ಹೂವಪ್ಪನಿಗೆ ಅಕ್ಷರ ಕಲಿಸಿದ ಮೇಷ್ಟ್ರ ಹೆಂಡತಿ. ಅವಳಿಗೆ ಲಕ್ವ ಹೊಡೆದ ಮೇಲೆ ಎರಡು ವರ್ಷ ಮೇಷ್ಟ್ರೇ ಹೆಂಡತಿಯ ತಲೆ ಬಾಚಿದ್ದರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಮಗಳು ತಾಯಿಯನ್ನು ಜೋಗಕ್ಕೆ ಕರೆತಂದಿದ್ದಳು.

"ಜಡೆ ಹಾಕ್ತಾ ಸ್ತೋತ್ರ ಹೇಳ್ತಿದ್ರು, ಮಗಳೇ" ಎಂದಳು ಯಮುನಮ್ಮ. "ಸ್ತೋತ್ರ ಮುಗಿಯೋದೂ ಜಡೆ ಮುಗಿಯೋದೂ ಒಂದೇ ಸಲ. ಊರವರು ನಗ್ತಿದ್ರು. 'ಗಂಡಸು ಜಡೆ ಹಾಕಿದ್ರೆ ಮೀಸೆ ಉದುರಲ್ಲ' ಅಂತಿದ್ರು ಅವರು. ಈಗ ಆ ಕೈ ಇಲ್ಲ... ಈ ಹುಡುಗ ಬಂದು ಕೂತರೆ ಅರ್ಧ ಗಂಟೆ ಅವರೇ ಹಿಂದೆ ಕೂತ ಹಾಗಾಗುತ್ತೆ." ಮುದುಕಿ ಕಣ್ಣೊರೆಸಿಕೊಂಡಳು.

ವರದಾ ಗಂಡನ ಕಡೆ ತಿರುಗಿದಳು.

"ಇದನ್ನ ನನಗೆ ಹೇಳೋದಕ್ಕೇನಾಗಿತ್ತು?"

ಹೂವಪ್ಪ ತಲೆ ತಗ್ಗಿಸಿದ. "ಹೋದ ವರ್ಷ ತುಂಗಾಳಿಗೆ ಒಂದು ಸಲ ಜಡೆ ಹಾಕಿದ್ದೆ, ನೆನಪಿದ್ಯಾ? ಶಾಲೇಲಿ ಕಾಗೆಗೂಡು ಅಂತ ನಕ್ರು, ಅವಳು ಅತ್ತು ಬಂದ್ಲು. 'ನಿಮ್ಮ ಕೈಗೆ ಸ್ಪ್ಯಾನರೇ ಸರಿ' ಅಂದೆ ನೀನು. ಅಭ್ಯಾಸಕ್ಕೆ ಅಂತ ಒಂದು ರಿಬ್ಬನ್ನೂ ಜೇಬಲ್ಲಿಟ್ಕೊಂಡಿದ್ದೆ, ಪೂರ್ತಿ ಕಲಿತೇ ತೋರಿಸ್ಬೇಕು ಅಂತಿದ್ದೆ."

"ಯಾಕೆ? ಯಾರು ಕೇಳಿದ್ರು?"

"ಡಾಕ್ಟ್ರು ಹೇಳಿದ್ರಲ್ಲ... ಅರ್ಧ ಗಂಟೆ. ನಾನು ಮನೇಲಿ ಕೂತು ನೋಡ್ದೆ. ನೀರು ನಾನು ಹಿಡೀಬಹುದು. ಕೂಸನ್ನ ಎತ್ಕೋಬಹುದು. ಆ ನಾಲ್ಕು ಜಡೆ ಮಾತ್ರ ನನ್ನಿಂದ ಆಗ್ತಿರ್ಲಿಲ್ಲ. ಅದೊಂದು ಕಲಿತರೆ ಆ ಹೊತ್ತು ನಿಂದು ಅಂತ..."

ಆದರೂ ವರದಾಳ ಹೊಟ್ಟೆಕಿಚ್ಚು ಪೂರ್ತಿ ಆರಿರಲಿಲ್ಲ.

"ಮತ್ತೆ ಸೊಸೈಟಿ ಮುಂದೆ ಇವರ ಜಡೆ ಹಾಗೆ ನೋಡಿದ್ದು?"

"ಮೂರು ಎಳೇನೋ ನಾಲ್ಕು ಎಳೇನೋ ಗೊತ್ತಾಗ್ಲಿಲ್ಲ. ಎಣಿಸ್ತಿದ್ದೆ."

"ನಾಲ್ಕು" ಎಂದಳು ಮೂಕಾಂಬಿಕಾ, ನಗು ತಡೆಯಲಾರದೆ. "ಅವತ್ತು ಸಂಜೆ ನಮ್ಮನೆಗೆ ಬಂದು ಮೊದಲು ಕೇಳಿದ್ದೂ ಅದನ್ನೇ! ಆಮೇಲೆ ಅಮ್ಮನ ಗುರುತು ಸಿಕ್ಕಿದ್ದು. ವರದಕ್ಕ, ನಿಮಗೆ ಹೇಳಿಬಿಡಿ ಅಂತ ನಾನು ದಿನಾ ಹೇಳ್ತಿದ್ದೆ."

"ನನ್ನನ್ನ ಕ್ಷಮಿಸಿಬಿಡಿ ತಂಗಿ" ಎಂದಳು ವರದಾ. ಬಿದ್ದಿದ್ದ ಕ್ಯಾಲೆಂಡರನ್ನು ಎತ್ತಿ ತಾನೇ ಮೊಳೆಗೆ ತೂಗುಹಾಕಿದಳು. ಹೊರಡುವಾಗ ಯಮುನಮ್ಮನ ಕಾಲು ಮುಟ್ಟಿ ನಮಸ್ಕರಿಸಿದಳು.

ಮನೆಯ ಮೆಟ್ಟಿಲ ಬಳಿ ವರದಾ ನಿಂತಳು.

"ನಾನು ಚೆನ್ನಾಗಿ ಕಾಣಲ್ಲ ಅಂತ... ನಿಮಗೆ ಬೇಜಾರು ಬಂದಿದೆ ಅಂತ ತಿಳ್ಕೊಂಡಿದ್ದೆ."

"ಬೇಜಾರಾಗಿದ್ದು ಹೌದು" ಎಂದ ಹೂವಪ್ಪ ಮೆಲ್ಲಗೆ. "ಬೆಟ್ಟ ಹತ್ತೋಳು ಸೊಂಟ ಹಿಡ್ಕೊಂಡು ಏಳೋದನ್ನ ದಿನಾ ನೋಡಿ. ಹೇಳೋಕೆ ನನಗೆ ಮಾತು ಬರ್ಲಿಲ್ಲ, ವರದಾ."

ಆಗ ಅವಳು ಅತ್ತಳು. ಬುಧವಾರದಿಂದ ತಡೆದಿದ್ದ ಅಳು.

ಮುಂದಿನ ಸೋಮವಾರ ಹೂವಪ್ಪನ ಪಾಳಿ ಮಧ್ಯಾಹ್ನಕ್ಕೆ ಬದಲಾಯಿತು. ಶುಕ್ರವಾರ ಬೆಳಿಗ್ಗೆ ಅವನು ಹೊರಗಿನ ಜಗಲಿಯಲ್ಲಿಯೇ, ಎಲ್ಲರ ಕಣ್ಣೆದುರು, ಮಗಳ ತಲೆ ಬಾಚಲು ಕೂತ.

"ಎಂತ ಹೂವಪ್ಪಣ್ಣ!" ಹುಲಿಗೆಮ್ಮ ಬೇಲಿಯಾಚೆಯಿಂದ ಕೂಗಿದಳು. "ಟ್ರಾನ್ಸ್‌ಫಾರ್ಮರಿಗೆ ವಯರು ಸುತ್ತುತ್ತಿದ್ದೀರಾ?"

"ಕೆರಿಯಪ್ಪನ್ನ ಕಳಿಸಿ, ಅವನಿಗೂ ಕಲಿಸ್ತೀನಿ!"

"ಅಪ್ಪಯ್ಯ, ನಗಬೇಡಿ, ಬೈತಲೆ ಸೊಟ್ಟ ಆಗುತ್ತೆ" ಎಂದು ತುಂಗಾ ಗದರಿದಳು. ಶರಾವತಿ ರಿಬ್ಬನ್ ಹಿಡಿದು ಸರದಿಗೆ ಕಾಯುತ್ತಿದ್ದಳು.

ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು. ವರದಾ ಎಣ್ಣೆ ಹಚ್ಚಿಕೊಂಡು, ಸೀಗೆಪುಡಿ ತಿಕ್ಕಿ, ನೀರು ಸುರಿದುಕೊಂಡಳು. ಯಾರೂ ಬಾಗಿಲು ಬಡಿಯಲಿಲ್ಲ. ಎರಡು ಚೆಂಬು ನೀರು ಕಣ್ಣೀರು ತೊಳೆಯಲಿಕ್ಕೇ ಹೋಯಿತೋ ಏನೋ, ಆ ದೇವರೇ ಬಲ್ಲ.

ಮಕ್ಕಳು ಶಾಲೆಗೆ ಹೋದ ಮೇಲೆ, ಕೂದಲು ಆರಿಸಿಕೊಂಡು ಅವಳು ಗಂಡನ ಮುಂದೆ ಬೆನ್ನು ಮಾಡಿ ಕೂತಳು.

"ನನಗೆ?"

"ನಿನಗೋಸ್ಕರವೇ ಅಷ್ಟು ಪಾಠ" ಎಂದ ಹೂವಪ್ಪ. ಅವನು ಬಾಚಣಿಗೆ ಎತ್ತಿಕೊಂಡ.

ಆಮೇಲೆ ಇಬ್ಬರೂ ಹೊರಟರು. ಕೂಸು ಅಪ್ಪನ ಹೆಗಲ ಮೇಲೆ. ಏರುದಾರಿಯಲ್ಲಿ ವರದಾ ಮೊದಮೊದಲು ಮೆಲ್ಲಗೆ ನಡೆದಳು. ಆಮೇಲೆ ಕೈ ಬೀಸಿದಳು. ಆಮೇಲೆ ಮುಂದಾದಳು. ದೂರದಲ್ಲಿ ಜಲಪಾತದ ಸದ್ದು.

ನೂರು ಹೆಜ್ಜೆ ನಡೆದು ಅವಳು ತಿರುಗಿದಳು.

"ರೀ! ಯಾಕೆ ಹಿಂದೆ ಉಳಿದ್ರಿ?"

"ನಿನ್ನ ಜಡೆ ನೋಡ್ತಿದ್ದೀನಿ."

"ಹೌದಾ?" ವರದಾಳ ಹುಬ್ಬು ಏರಿತು. "ಎಷ್ಟು ಎಳೆ?"

ಹೂವಪ್ಪ ಕೂಸನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

"ಇದನ್ನ ಎಣಿಸ್ಲಿಲ್ಲ, ಮಾರಾಯ್ತಿ... ಸುಮ್ನೆ ನೋಡಿದೆ."